ಕೂಗಿ ಹೇಳಿದ ತೂಕ

ಮಾತ್ರೆಯ ಪಟ್ಟಿಯನ್ನು ಮಾವ ಓದುತ್ತಿದ್ದರೋ ಮೂಸುತ್ತಿದ್ದರೋ ನೋಡಿದವರಿಗೆ ತಿಳಿಯುತ್ತಿರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, ಪಟ್ಟಿಯನ್ನು ಮೂಗಿನ ತುದಿಗೆ ತಾಗುವಷ್ಟು ಹತ್ತಿರ ಹಿಡಿದು, ಬಲಗಣ್ಣನ್ನು ಕಿರಿದು ಮಾಡಿಕೊಂಡು ನಿಧಾನವಾಗಿ ಸರಿಸುತ್ತಿದ್ದರು. ಎಡಗಣ್ಣಿನ ಗುಡ್ಡೆಯ ಮೇಲೆ ನೀರು ಬೆರೆಸಿದ ಹಾಲಿನಂಥ ಬಿಳುಪು ಕಟ್ಟಿತ್ತು. ಬಲಗಣ್ಣೂ ಅದೇ ದಾರಿ ಹಿಡಿದಿತ್ತು. ಯಾರಾದರೂ ಕೇಳಿದರೆ, "ಚಾಳೀಸು ಕಣ್ರೀ, ಈ ವಯಸ್ಸಿಗೆ ಯಾರಿಗಿರಲ್ಲ?" ಎಂದು ಮಾತು ಹಾರಿಸುತ್ತಿದ್ದರು. ಬೀದಿಗೆಲ್ಲ ಕಣ್ಣಿನ ಹನಿ ಮಾರಿದವರು, ತಮ್ಮ ಕಣ್ಣಿನ ಆಪರೇಷನ್ ಮಾತೆತ್ತಿದರೆ ಸಿಡುಕುತ್ತಿದ್ದರು.

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದೆ ನಮ್ಮ ಬೀದಿ. ಅದರ ಮೂಲೆಯಲ್ಲಿ ಅವರ ಮೆಡಿಕಲ್ ಶಾಪು. ಸಂಬಂಧದಲ್ಲಿ ನಮಗೆ ಏನೂ ಆಗಬೇಕಿರಲಿಲ್ಲ. ಆದರೂ ಬೀದಿಯ ಹುಡುಗರಿಗೆಲ್ಲ ಅವರು ಮಾವ, ಅವರ ಹೆಂಡತಿ ಅತ್ತೆ. ಡಾಕ್ಟರ ಚೀಟಿಯನ್ನು ಅತ್ತೆ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು. ಮಾವ ಹಿಂದಿರುಗಿ ನೋಡದೆ ಸರಿಯಾದ ಗೂಡಿಗೆ ಕೈ ಹಾಕುತ್ತಿದ್ದರು. ಗಿರಾಕಿಯ ಕೈಗೆ ಕೊಡುವ ಮೊದಲು ಅತ್ತೆ ಇನ್ನೊಮ್ಮೆ ನೋಡುವುದಿತ್ತು. ಅದು ಗಂಡಹೆಂಡಿರ ಅನ್ಯೋನ್ಯತೆ ಎಂದು ನಾವು ಅಂದುಕೊಂಡಿದ್ದೆವು.

ನಾನು ಆಗ ಪಿಯುಸಿ ಮೊದಲ ವರ್ಷ. ತೂಕ ನಲವತ್ತೊಂದು ಕೆಜಿ. ಕಾಲೇಜಿನಲ್ಲಿ ನನ್ನ ಹೆಸರು ಮಾಸ್ತರರಿಗೆ ಮಾತ್ರ ಗೊತ್ತಿತ್ತು, ಉಳಿದವರಿಗೆಲ್ಲ ನಾನು ಕಡ್ಡಿ ಪೈಲ್ವಾನ್. ಅಂಗಿಯ ತೋಳನ್ನು ಮೊಣಕೈ ದಾಟಿ ಮಡಚಲು ನಾಚಿಕೆ. ಬೇಸಿಗೆಯಲ್ಲೂ ಒಳಗೆ ಎರಡು ಬನಿಯನ್ ಹಾಕಿಕೊಂಡು ಬೆವೆತು ಸಾಯುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿ ಯಾರೂ ಇಲ್ಲದ್ದು ನೋಡಿ ಒಳಗೆ ನುಗ್ಗಿದೆ.

"ಮಾವ, ದಪ್ಪ ಆಗೋ ಮಾತ್ರೆ ಐತಂತಲ್ಲ, ಕೊಡ್ರಿ."

"ಯಾರಿಗೆ?"

"ನಮ್ಮ ಚಿ... ಚಿಕ್ಕಮ್ಮನ ಮಗನಿಗೆ."

"ಓಹೋ. ಅವ್ನೂ ನಿನ್ನಂಗೇ ತೊದಲ್ತಾನೇನು?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಲೇ, ಆ ಮಾತ್ರೆ ಮೈ ಊದಿಸ್ತೈತೆ, ಬೆಳಸಲ್ಲ. ಮದ್ವೆ ಗೊತ್ತಾದ ಹುಡ್ಗೀರು ಬಂದು ಕೇಳ್ತಾರೆ, ಪೊಲೀಸ್ ಕೆಲ್ಸಕ್ಕೆ ಅರ್ಜಿ ಹಾಕಿದೋರು ಕೇಳ್ತಾರೆ. ಬೇರೆ ಕಡೆ ಸಿಗಬಹುದು, ನನ್ನ ಅಂಗಡೀಲಿ ಸಿಗಲ್ಲ. ಮೊದ್ಲು ಹೋಗಿ ಆ ಮಿಷನ್ ಮೇಲೆ ನಿಂತ್ಕೋ" ಎಂದರು.

ಅಂಗಡಿಯ ಜಗಲಿಯ ಮೇಲೆ ಮುಳ್ಳಿರುವ ಹಳೆಯ ತೂಕದ ಮಿಷನ್ ಇತ್ತು. ಅಂದಿನಿಂದ ಪ್ರತಿ ಭಾನುವಾರ ನಾನು ಅದರ ಮೇಲೆ ನಿಲ್ಲಬೇಕು, ಮುಳ್ಳು ತೋರಿಸಿದ್ದನ್ನು ಬೀದಿಗೆ ಕೇಳುವ ಹಾಗೆ ಕೂಗಿ ಹೇಳಬೇಕು. "ನಾಚಿಕೆ ಬಿಟ್ರೇನೇ ಉಂಡಿದ್ದು ಮೈಗೆ ಹತ್ತೋದು" ಎನ್ನುವುದು ಅವರ ವಾದ.

ಹರೆಯದಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡವರು ಅವರು. ನನ್ನ ಪಾಲಿಗೆ ಬಂದದ್ದು ನಮ್ಮ ಮನೆಯ ಹಿತ್ತಲು. ಖಾಲಿ ಎಣ್ಣೆ ಡಬ್ಬ ಎರಡಕ್ಕೆ ಅರ್ಧ ಮರಳು ತುಂಬಿಸಿ, ಹಿಡಿಗೆ ಬಟ್ಟೆ ಸುತ್ತಿಸಿ, ಎತ್ತಿ ಇಳಿಸು ಎಂದರು. ದಂಡ, ಬಸ್ಕಿ. ಬೆಳಿಗ್ಗೆ ನೆನೆಸಿದ ಶೇಂಗಾ ಒಂದು ಹಿಡಿ, ಬೆಲ್ಲದ ಚೂರು, ಮೊಳಕೆ ಹುರುಳಿ. ಮಧ್ಯಾಹ್ನ ಒಂದಿದ್ದ ಮುದ್ದೆ ಎರಡಾಗಬೇಕು, ದಿನಕ್ಕೆ ಎರಡು ಮೊಟ್ಟೆ. "ಇವ್ನಿಗೆ ಬಕಾಸುರ ಹೊಕ್ಕವ್ನೆ" ಎಂದು ಅವ್ವ ಗೊಣಗುತ್ತಲೇ ಹಿಟ್ಟು ತೊಳಸುತ್ತಿದ್ದಳು. ಯಾವತ್ತಾದರೂ ನಾನು ಡಬ್ಬ ಎತ್ತದೆ ಹೋದರೆ ಮಾವ ನನ್ನ ಅಂಗೈ ಮುಟ್ಟಿಯೇ ಪತ್ತೆ ಹಚ್ಚುತ್ತಿದ್ದರು. ಅವಸರ ಮಾಡಿದರೆ ಬೈಗುಳ. "ಮೈ ಏನು ನಿನ್ನ ಅಪ್ಪನ ಮನೆ ಆಳೇನಲೇ, ಹೇಳಿದ ದಿನಕ್ಕೆ ಕೆಲ್ಸ ಮುಗಿಸಾಕೆ?"

ಎರಡು ತಿಂಗಳಾದರೂ ಮುಳ್ಳು ನಲವತ್ತೆರಡರ ಹತ್ತಿರವೇ ತೂಗಾಡುತ್ತಿತ್ತು. ಒಂದು ಭಾನುವಾರ ಬೇಸರಕ್ಕೋ ಹುಡುಗಾಟಕ್ಕೋ "ನಲವತ್ತೈದು!" ಎಂದು ಕೂಗಿದೆ. ಸುಳ್ಳು ಬೊಗಳ್ತೀಯಾ ಎಂದು ತಲೆಗೆ ಮೊಟಕುತ್ತಾರೆ ಎಂದುಕೊಂಡಿದ್ದೆ. ಮುಳ್ಳು ಅವರಿಂದ ಎರಡು ಮಾರು ದೂರವೂ ಇರಲಿಲ್ಲ. ಅವರು ಅದರತ್ತಲೇ ಮುಖ ಮಾಡಿ ನಿಂತಿದ್ದರು.

"ಏ ಇವಳೇ, ಕೇಳಿದ್ಯಾ? ನಲವತ್ತೈದಂತೆ!" ಎಂದು ಒಳಗಿದ್ದ ಅತ್ತೆಗೆ ಕೂಗಿದರು. ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದರು. ಅವರ ಮುಖದಲ್ಲಿ ಅಷ್ಟು ಖುಷಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಮುಳ್ಳು ಅವರಿಗೆ ಕಾಣುವುದಿಲ್ಲ ಎಂಬುದು ಅಲ್ಲಿ ನಿಂತಲ್ಲೇ ನನಗೆ ಅರ್ಥವಾಯಿತು. ಕೂಗಿಸುತ್ತಿದ್ದುದು ನನ್ನ ನಾಚಿಕೆ ಬಿಡಿಸಲು ಅಲ್ಲ.

ಅವರ ಕಣ್ಣು ಅಷ್ಟು ಕೆಟ್ಟಿರುವ ವಿಷಯ ನಾನು ಯಾರಿಗೂ ಹೇಳಲಿಲ್ಲ. ಗೊತ್ತಾದರೆ ಜನ ಅವರ ಕೈಯಿಂದ ಮಾತ್ರೆ ತಗೊಳ್ಳುವುದಿಲ್ಲ ಎಂದು ಹೆದರಿದೆ. ಅದು ನಿಷ್ಠೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ. ಸುಳ್ಳನ್ನಂತೂ ಬಿಡಲಿಲ್ಲ. ವಾರಕ್ಕೆ ಅರ್ಧ ಕೆಜಿ ಏರಿಸುತ್ತ ಹೋದೆ. ನಿಜವಾಗಿ ನಾನು ನಲವತ್ತಮೂರು ಆಗಿದ್ದಾಗ ಮಾವನ ಬಾಯಲ್ಲಿ ನಲವತ್ತೊಂಬತ್ತು ಆಗಿದ್ದೆ. ಮಾತ್ರೆ ಕೇಳಲು ಬಂದವರಿಗೆಲ್ಲ ನನ್ನ ಕಥೆಯೇ. "ನಮ್ಮ ಬೀದಿ ಹುಡುಗ, ಬರೀ ಶೇಂಗಾ, ಮುದ್ದೆ" ಎಂದು ಹೇಳುವಾಗ ಅವರ ಎದೆ ಎರಡು ಅಂಗುಲ ಮುಂದೆ ಬರುತ್ತಿತ್ತು.

ನನ್ನ ಪಕ್ಕದ ಬೆಂಚಿನಲ್ಲಿ ಮೊಳಕಾಲ್ಮೂರಿನವನೊಬ್ಬ ಕೂರುತ್ತಿದ್ದ. ಮನೆಯಲ್ಲಿ ರೇಷ್ಮೆ ಸೀರೆ ನೇಯುವವರು. ಅವನು ಓದಿಗೆಂದು ನಮ್ಮ ಬೀದಿಯಲ್ಲೇ ದೊಡ್ಡಮ್ಮನ ಮನೆಯಲ್ಲಿದ್ದ. ನನಗಿಂತ ಗೇಣುದ್ದ ಎತ್ತರ, ನನ್ನಷ್ಟೇ ಸಣಕಲು. ಮಾವನ ಹತ್ತಿರ ಅವನನ್ನು ಕರೆದುಕೊಂಡು ಹೋದವನು ನಾನೇ.

ಅವನು ಸುಳ್ಳು ಹೇಳುವ ಜಾತಿಯವನಲ್ಲ. ಮೊದಲ ಭಾನುವಾರ ನಲವತ್ತಾರು ಎಂದು ಕೂಗಿದ. ತಿಂಗಳಾದ ಮೇಲೆ ನಲವತ್ತೈದು. ಆಮೇಲೆ ನಲವತ್ತನಾಲ್ಕು, ನಲವತ್ತೆರಡು. ಅವನು ನನಗಿಂತ ಹೆಚ್ಚು ಉಣ್ಣುತ್ತಿದ್ದ. ಕಾಲೇಜಿನಲ್ಲಿ ಎರಡು ಬಾಟಲಿ ನೀರು ಕುಡಿದು ಇನ್ನೊಬ್ಬರ ಬಾಟಲಿಗೆ ಕೈ ಚಾಚುತ್ತಿದ್ದ, ಗಂಟೆಗೊಮ್ಮೆ ಎದ್ದು ಹೊರಗೆ ಹೋಗುತ್ತಿದ್ದ. ಬಿಸಿಲಿಗೆ, ಕಸರತ್ತಿಗೆ ಹಾಗಾಗುತ್ತದೆ ಎಂದುಕೊಂಡೆವು.

ಮಾವ ಅವನನ್ನು ನನ್ನ ಪಕ್ಕಕ್ಕೆ ನಿಲ್ಲಿಸಿ ಬೈದರು. "ಇವ್ನ ನೋಡು, ಅದೇ ಶೇಂಗಾ, ಅದೇ ಡಬ್ಬ. ಎಂಟು ಕೆಜಿ ಏರಿದ್ದಾನೆ. ನೀನು ಕಳ್ಳಾಟ ಆಡ್ತಿದ್ದೀಯ."

"ಇಲ್ಲ ಮಾವ, ದಿನಾ ಮಾಡ್ತೀನಿ. ಯಾಕೋ ಸುಸ್ತಾಗ್ತೈತೆ."

"ಸೋಮಾರಿಗೆ ಸುಸ್ತೇ ಆಗೋದು."

ಅವನು ನನ್ನ ಕಡೆ ನೋಡಿದ. ನನ್ನ ತೋಳು ಅವನಿಗೆ ಕಾಣುತ್ತಿತ್ತಲ್ಲ. ಎಂಟು ಕೆಜಿ ಎಲ್ಲಿದೆ ಎಂದು ಅವನು ಕೇಳಬಹುದಿತ್ತು, ಕೇಳಲಿಲ್ಲ. ಅಂದಿನಿಂದ ಸುಸ್ತಿನ ಮಾತನ್ನೇ ಎತ್ತಲಿಲ್ಲ. ನಾನು ಚಪ್ಪಲಿಯ ತುದಿ ನೋಡುತ್ತ ನಿಂತೆ. ಅಷ್ಟು ಹೊತ್ತಿನಲ್ಲಿ ನಿಜ ಹೇಳಲು ಎರಡು ಮಾತು ಸಾಕಾಗುತ್ತಿತ್ತು.

ಯುಗಾದಿಗೆ ಊರಿಗೆ ಹೋದವನು ಎರಡು ದಿನ ಬರೀ ವಾಂತಿ ಮಾಡಿಕೊಂಡನಂತೆ. ಮೂರನೆಯ ದಿನ ಉಸಿರಾಟ ಜೋರಾಯಿತಂತೆ. ಊರಿನ ಡಾಕ್ಟರು ರಕ್ತ ನೋಡಿ, ಸಕ್ಕರೆ ಅಳತೆ ಮೀರಿದೆ, ತಕ್ಷಣ ಬಳ್ಳಾರಿಗೆ ಒಯ್ಯಿರಿ ಎಂದರಂತೆ. ದಾರಿಯಲ್ಲೇ ಹೋಗಿಬಿಟ್ಟ. ಹದಿನೇಳು ವರ್ಷದವನಿಗೂ ಸಕ್ಕರೆ ಕಾಯಿಲೆ ಬರುತ್ತದೆ ಎಂದು ನಮ್ಮ ಬೀದಿಗೆ ಗೊತ್ತಾದದ್ದು ಆವತ್ತು. ಆ ವಯಸ್ಸಿಗೂ ಬರುತ್ತದೆ ಎಂದು ಮಾವನಿಗೆ ಮೊದಲೇ ಗೊತ್ತಿತ್ತು. ಮೂವತ್ತು ವರ್ಷ ಸಕ್ಕರೆಯವರಿಗೆ ಔಷಧಿ ಕೊಟ್ಟವರು ಅವರು. ಅದೇ ಅವರನ್ನು ಒಳಗೊಳಗೇ ಕೊಂದದ್ದು.

ಮಣ್ಣು ಮಾಡಿದ ಮಾರನೆಯ ದಿನ ನಾನೂ ಅವರೂ ಮೊಳಕಾಲ್ಮೂರಿನ ಬಸ್ಸು ಹತ್ತಿದೆವು. ದಾರಿಯಲ್ಲಿ ತಳಕು ಎಂಬ ಊರು ದಾಟಿತು. ಮಾವ ನನ್ನ ಮೊಣಕಾಲ ಮೇಲೆ ಕೈಯಿಟ್ಟರು.

"ಲೇ, ನಿನ್ನ ತೂಕ ನಿಜವಾಗ್ಲೂ ಏರಿತ್ತಲ್ಲ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆ ನನ್ನ ಕಿವಿಯಿಂದ ಹೋಗಿಲ್ಲ. ಇಲ್ಲ ಎಂದಿದ್ದರೆ ಅವರು ಬಸ್ಸಿನಲ್ಲೇ ಕೆನ್ನೆಗೆ ಬಾರಿಸುತ್ತಿದ್ದರೋ ಏನೋ. ಬಾರಿಸಲಿ ಎನ್ನುವ ಧೈರ್ಯ ನನಗೆ ಇರಲಿಲ್ಲ.

"ಹೂಂ ಮಾವ, ಏರಿತ್ತು" ಎಂದೆ.

"ಹಂಗಾದ್ರೆ ತಪ್ಪೆಲ್ಲ ನಂದೇ. ಒಂದೇ ಊಟ, ಒಂದೇ ಕಸರತ್ತು. ಒಬ್ಬ ಏರಿ ಇನ್ನೊಬ್ಬ ಇಳಿದ್ರೆ ಕಾಯಿಲೆ ಅಂತ ಹೊಳೀಬೇಕಿತ್ತು. ನಾನು ಸೋಮಾರಿ ಅಂದ್ಬಿಟ್ಟೆ."

ಮೊಳಕಾಲ್ಮೂರಿನ ಆ ಮನೆಯಲ್ಲಿ ಮಗ್ಗ ನಿಂತಿತ್ತು. ಪಕ್ಕದ ಮನೆಯ ಮಗ್ಗದ ಸದ್ದು ಗೋಡೆಯಾಚೆಯಿಂದ ಬರುತ್ತಲೇ ಇತ್ತು. ಮಾವ ಅವನ ತಾಯಿಯ ಮುಂದೆ ಕೈ ಮುಗಿದು ನಿಂತರು. ಆಕೆಯೇ ತೆಲುಗು ಕನ್ನಡ ಬೆರೆಸಿ ಸಮಾಧಾನ ಹೇಳಿದಳು. "ಮೀರೇಂ ಚೇಸ್ತಾರು ಸಾಮಿ, ನೀವೇನು ಮಾಡ್ತೀರಿ? ವಾರ ವಾರ ಫೋನ್ ಮಾಡಿ, ಅಮ್ಮಾ, ಮಾವ ಬೈದ್ರು ಅಂತಿದ್ದ. ಬೈಯೋರಿಗೆ ನಿನ್ಮೇಲೆ ಪ್ರೀತಿ ಐತೆ ಕಣಪ್ಪ, ಅವ್ರು ಹೇಳ್ದಂಗೆ ಕೇಳು ಅಂತ ನಾನೇ ಹೇಳ್ತಿದ್ದೆ." ಆಕೆ ಶಾಪ ಹಾಕಿದ್ದರೆ ಮಾವ ತಡೆದುಕೊಳ್ಳುತ್ತಿದ್ದರು. ಇದನ್ನು ತಡೆದುಕೊಳ್ಳಲಾಗದೆ ಗೋಡೆ ಹಿಡಿದು ಕೆಳಗೆ ಕೂತರು.

ಊರಿಗೆ ಬಂದ ದಿನವೇ ತೂಕದ ಮಿಷನ್ನನ್ನು ಗುಜರಿಗೆ ಹಾಕಿಸಿದರು. ವರ್ಷದೊಳಗೆ ಅಂಗಡಿಯನ್ನೂ ಮುಚ್ಚಿದರು. ಅತ್ತೆ ಎಷ್ಟು ಗೋಗರೆದರೂ ಆಪರೇಷನ್ನಿಗೆ ಒಪ್ಪಲಿಲ್ಲ. "ಕಾಣ್ಬೇಕಾದಾಗ ಕಾಣ್ಲಿಲ್ಲ, ಈಗ ಕಂಡು ಏನಾಗ್ಬೇಕು?" ಎನ್ನುತ್ತಿದ್ದರು.

ನಾನು ಡಬ್ಬ ಎತ್ತುವುದನ್ನು ಬಿಡಲಿಲ್ಲ. ಪ್ರಾಯಶ್ಚಿತ್ತವೋ ಹಠವೋ ಹೇಳಲಾರೆ. ಅವರು ಹೇಳಿದ ಊಟ, ಅವರು ಹೇಳಿದ ದಂಡ, ಬಸ್ಕಿ. ನಾನು ಕೂಗಿ ಹೇಳಿದ್ದ ಆ ನಲವತ್ತೊಂಬತ್ತನ್ನು ನಿಜವಾಗಿ ಮುಟ್ಟಲು ಎರಡು ವರ್ಷ ಹಿಡಿಯಿತು. ಆಮೇಲೆ ಮೈ ತಾನಾಗಿ ತುಂಬಿಕೊಂಡಿತು. ಲೈನ್‌ಮನ್ ಕೆಲಸದ ಪರೀಕ್ಷೆಯಲ್ಲಿ ಕಂಬ ಹತ್ತಿ ಇಳಿದವರಲ್ಲಿ ನಾನೂ ಒಬ್ಬ. ಇವತ್ತು ನನ್ನ ಮನೆಯ ಒಲೆ ಉರಿಯುತ್ತಿರುವುದು ಈ ತೋಳಿನಿಂದ. ಈ ತೋಳು ಅವರದು.

ಕೆಲಸ ಸಿಕ್ಕ ಸುದ್ದಿ ಹೇಳಲು ಹೋದಾಗ ಅವರಿಗೆ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ನನ್ನ ತೋಳನ್ನು ಭುಜದಿಂದ ಮಣಿಕಟ್ಟಿನವರೆಗೆ ಎರಡೂ ಕೈಯಿಂದ ಒತ್ತಿ ಒತ್ತಿ ನೋಡಿದರು. "ನೀನೊಬ್ಬ ಆದ್ರೂ ನಾನು ಹೇಳ್ದಂಗೆ ಬೆಳೆದ್ಯಲ್ಲ. ಅಷ್ಟು ಸಾಕು ಬಿಡು" ಎಂದರು. ಆವತ್ತೂ ನಾನು ಹೂಂ ಎಂದೆ. ಆಮೇಲೆ ಹಬ್ಬಕ್ಕೆ ಹುಣ್ಣಿಮೆಗೆ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಇವತ್ತು ಹೇಳಬೇಕು ಎಂದುಕೊಂಡು ಹೋಗಿ ಮಳೆಯ ಬಗ್ಗೆ, ಕರೆಂಟಿನ ಬಗ್ಗೆ ಮಾತಾಡಿ ಎದ್ದು ಬರುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡರು.

ತಿಥಿಯ ದಿನ ಬಂದವರೆಲ್ಲ ಪಂಕ್ತಿಗೆ ಎದ್ದುಹೋದ ಮೇಲೆ ಅತ್ತೆ ಒಬ್ಬರೇ ನಡುಮನೆಯಲ್ಲಿ ಕೂತಿದ್ದರು. ಅವರ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ನಲವತ್ತೈದು ಎಂದು ಮೊದಲು ಕೂಗಿದ್ದು, ಎಂಟು ಕೆಜಿಯ ಸುಳ್ಳು, ಬಸ್ಸಿನ ಪ್ರಶ್ನೆ. ನನ್ನ ಲೆಕ್ಕ ಸುಳ್ಳಾಗಿರದಿದ್ದರೆ ಮಾವ ಆ ಹುಡುಗನ ಸುಸ್ತನ್ನು ನಂಬುತ್ತಿದ್ದರು ಎಂದೂ ಹೇಳಿದೆ. ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ಇದನ್ನ ಅವ್ರಿಗೆ ಹೇಳಿದ್ರೆ ಆಗ್ತಿತ್ತಪ್ಪ" ಎಂದರು. "ನಿಂಗೆ ನಾಲ್ಕು ಬೈದು, ಒಂದಿನಾನಾದ್ರೂ ಕಣ್ತುಂಬ ನಿದ್ದೆ ಮಾಡ್ತಿದ್ರು."

ಆಮೇಲೆ ಎದ್ದು ನನಗೆ ಎಲೆ ಹಾಕಿದರು. ಅವರು ಬಡಿಸಿದಷ್ಟನ್ನೂ ಉಂಡೆ.