ಗೋಡೆಯ ಮೈ ಮೇಲೆ ಮೂರು ಬೆರಳು

ಯಳಂದೂರಿನ ಬಸ್ ನಿಲ್ದಾಣದ ಹತ್ತಿರ ಹೊಸದೊಂದು ಹೋಟೆಲ್ ತೆರೆದಿದ್ದಾರೆ. ಹೊನ್ನೂರಿಗೆ ಹೋಗಬೇಕಿದ್ದ ಬಸ್ಸು ತಡವಾಯಿತೆಂದು ಕಳೆದ ವಾರ ಅಲ್ಲಿ ಕಾಫಿಗೆ ಕುಳಿತೆ. ಮೇಜು ಹೊಸದು, ಲೋಟ ಹೊಸದು, ಗಲ್ಲಾದಲ್ಲಿ ಕುಳಿತವನ ಅಂಗಿಯೂ ಹೊಸದು. ಗೋಡೆ ಮಾತ್ರ ಹಳೆಯದು. ನೀಲಿ ಸುಣ್ಣ ಅಲ್ಲಲ್ಲಿ ಚಕ್ಕೆ ಎದ್ದು, ಅದರಡಿಯ ಕೆಮ್ಮಣ್ಣು ಇಣುಕುತ್ತಿತ್ತು. ಮೇಲಿನಿಂದ ಇಳಿದ ಬಿರುಕೊಂದು ನಡುವೆ ಕವಲೊಡೆದಿತ್ತು. ಇಂಥ ಹಳೆಯ ಗೋಡೆಗಳನ್ನು ಹಾಳೆಯ ಮೇಲೆ ಮುದ್ರಿಸಿ ಹೊಸ ಗೋಡೆಗೆ ಅಂಟಿಸುವುದು ಈಗ ರೂಢಿಯಾಗಿದೆ, ನೀವೂ ನೋಡಿರುತ್ತೀರಿ. ಹಾಳೆಯಲ್ಲಿ ಇನ್ನೂ ಮುದ್ರಣದ ಬಣ್ಣದ ಘಾಟು ಇತ್ತು. ಆ ಘಾಟಿಗೆ ತಲೆ ಎತ್ತಿದಾಗ ಬಿರುಕಿನ ಪಕ್ಕದಲ್ಲಿ ಬಿಳಿಯ ಮೂರು ಗೆರೆಗಳು ಕಂಡವು. ಎರಡು ಉದ್ದ, ಮೂರನೆಯದು ಮೋಟು. ಸ್ವಲ್ಪ ಆಚೆ ಅವೇ ಮೂರು ಗೆರೆ. ಅದರಾಚೆ ಮತ್ತೆ. ಯಾರೋ ಒಬ್ಬರು ಗೋಡೆಯುದ್ದಕ್ಕೂ ಬೆರಳು ಒರೆಸುತ್ತ ನಡೆದುಹೋದ ಹಾಗೆ.

ಆ ಬೆರಳು ಯಾರದೆಂದು ಅಲ್ಲಿ ಕುಳಿತವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು ಎಂದು ಬರೆಯಲು ಹೊರಟಿದ್ದೆ. ಪತ್ರಿಕೆಯಲ್ಲಿ ದುಡಿದವನಿಗೆ ಹಾಗೆ ಬರೆಯುವುದು ಕಷ್ಟ; ಉಳಿದವರನ್ನು ನಾನು ಕೇಳಿರಲಿಲ್ಲ. ನನಗೆ ಗೊತ್ತಿತ್ತು, ಅಷ್ಟೆ.

ಕೆಲವು ವರ್ಷಗಳ ಹಿಂದೆ ನಾನು ಕೊಳ್ಳೇಗಾಲದಲ್ಲಿ ವರದಿಗಾರನಾಗಿದ್ದೆ. ಸಂಜೆ ಸುದ್ದಿ ಕಳಿಸಿದ ಮೇಲೆ ಹೋಗಿ ಕೂರುತ್ತಿದ್ದದ್ದು ಶಿವಮಲ್ಲುವಿನ ಸ್ಟುಡಿಯೋದಲ್ಲಿ. ಶಿವಮಲ್ಲು ಮದುವೆಯ ಫೋಟೋ ತೆಗೆಯುತ್ತಿದ್ದ, ಆಲ್ಬಂ ಮಾಡುತ್ತಿದ್ದ, ಫ್ಲೆಕ್ಸ್ ಬ್ಯಾನರು ಸಿದ್ಧಪಡಿಸುತ್ತಿದ್ದ. ಅದೆಲ್ಲ ಹೊಟ್ಟೆಪಾಡು. ವಧೂವರರನ್ನು ಚಿತ್ರದಿಂದ ಬಿಡಿಸಿ ತೆಗೆದ ಮೇಲೆ ಅವರ ಬೆನ್ನಿಗೆ ಏನಿಡಬೇಕು ಎಂಬುದರಲ್ಲಿ ಅವನ ಜೀವವಿತ್ತು. ಬೇರೆ ಸ್ಟುಡಿಯೋದವರು ಹಿಮದ ಬೆಟ್ಟವನ್ನೋ ಅರಮನೆಯನ್ನೋ ಇಡುತ್ತಿದ್ದರು. ಇವನು ಹಳೆಯ ಮರದ ಬಾಗಿಲು, ಒರಟು ಕಲ್ಲು, ತುಕ್ಕು ಹಿಡಿದ ತಗಡು ಇಡುತ್ತಿದ್ದ. ಗಿರಾಕಿಗಳು ಮೊದಮೊದಲು ಬೈದರು. ಮಗಳ ಮದುವೆ ಆಲ್ಬಮಿನಲ್ಲಿ ತುಕ್ಕು ಏಕೆ ಎಂದು ಕೇಳುವುದು ತಪ್ಪೇನಲ್ಲ. ಆಮೇಲೆ, ಒರಟು ಗೋಡೆಯೆದುರು ರೇಷ್ಮೆ ಸೀರೆ ಎಷ್ಟು ಎದ್ದು ಕಾಣುತ್ತದೆಂದು ಒಬ್ಬರ ಆಲ್ಬಮಿನಲ್ಲಿ ನೋಡಿ ಇನ್ನೊಬ್ಬರು ಬಂದರು.

ಇಂಥ ಮೇಲ್ಮೈಗೆ ಕಂಪ್ಯೂಟರಿನವರು ಟೆಕ್ಸ್‌ಚರ್ ಎನ್ನುತ್ತಾರೆ. ಶಿವಮಲ್ಲು ‘ಮೈ’ ಎನ್ನುತ್ತಿದ್ದ. ಕಲ್ಲಿನ ಮೈ, ಮರದ ಮೈ, ಗೋಡೆಯ ಮೈ. ಕೆಲಸ ಕೂಡಿಬಂದರೆ ‘ಮೈ ಬಂತು ಸಾ’ ಎಂದು ಕುರ್ಚಿ ಹಿಂದಕ್ಕೆ ತಳ್ಳುತ್ತಿದ್ದ. ಕೂಡಿಬರದಿದ್ದರೆ ‘ಬರೀ ಬಣ್ಣ, ಮೈಯೇ ಇಲ್ಲ’ ಎನ್ನುತ್ತಿದ್ದ. ಮಗ್ಗದ ಮನೆಯಲ್ಲಿ ಬೆಳೆದವನು, ಬಟ್ಟೆಯ ಮೈ ಸವರಿ ನೋಡುವವರ ನಡುವೆ. ಮಾತು ಅಲ್ಲಿಂದಲೇ ಬಂದಿರಬೇಕು.

ಅವನ ಬೆನ್ನ ಹಿಂದೆ ಕುಳಿತು ನಾನು ಈ ಕೆಲಸವನ್ನು ನೋಡಿದ್ದೇನೆ. ಚಿತ್ರ ತಿದ್ದುವ ಸಾಫ್ಟ್‌ವೇರಿನಲ್ಲಿ ನನಗೆ ಬರುತ್ತಿದ್ದದ್ದು ಅಂಚು ಕತ್ತರಿಸುವುದೊಂದೇ. ಅದಕ್ಕಿಂತ ಹೆಚ್ಚಿಗೆ ಚಿತ್ರವನ್ನು ಮುಟ್ಟಕೂಡದೆಂಬುದು ನಮ್ಮ ಪತ್ರಿಕೆಯ ಕಟ್ಟಳೆಯಾಗಿತ್ತು. ನನ್ನ ದಡ್ಡತನಕ್ಕೆ ಅದು ಒಳ್ಳೆಯ ಮರೆಯಾಯಿತು. ಶಿವಮಲ್ಲು ಮೋಡ ಕವಿದ ದಿನ ನೋಡಿ ಬೈಕು ಹತ್ತುತ್ತಿದ್ದ. ಬಿಸಿಲಿದ್ದರೆ ನೆರಳು ಬೀಳುತ್ತದೆ. ನೆರಳು ಬಿದ್ದ ಗೋಡೆಯನ್ನು ಬೇರೆ ಕಡೆ ಕೂರಿಸಲಾಗುವುದಿಲ್ಲ. ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸಿ ನಿಂತ ಟ್ರೈಲರುಗಳ ತುಕ್ಕನ್ನು ಇವನು ಹತ್ತಿರದಿಂದ ಫೋಟೋ ತೆಗೆಯುತ್ತಿದ್ದಾಗ, ಸಾರಿಗೆ ಇಲಾಖೆಯವನೆಂದು ತಿಳಿದು ಚಾಲಕನೊಬ್ಬ ಗಾಡಿ ಬಿಟ್ಟು ಕಬ್ಬಿನ ಗದ್ದೆಗೆ ಇಳಿದುಬಿಟ್ಟನಂತೆ. ತಂದ ಚಿತ್ರದ ಎಡಬಲದ ಅಂಚುಗಳನ್ನು ನಡುವಿಗೆ ಸರಿಸಿ, ಅಲ್ಲಿ ಕಾಣುವ ಹೊಲಿಗೆಯನ್ನು ಅಕ್ಕಪಕ್ಕದ ಚುಕ್ಕೆಗಳನ್ನೇ ತಂದು ಮುಚ್ಚುತ್ತಿದ್ದ. ಹಾಗೆ ಮಾಡಿದ ತುಂಡನ್ನು ಎಷ್ಟು ಸಲ ಪಕ್ಕಪಕ್ಕ ಇಟ್ಟರೂ ಸೇರಿದ ಜಾಗ ತಿಳಿಯುವುದಿಲ್ಲ. ಆಮೇಲೆ ಪದರದ ಮೇಲೆ ಪದರ: ಒಂದರಲ್ಲಿ ಕಲೆ, ಒಂದರಲ್ಲಿ ತೇವ, ಎಲ್ಲಕ್ಕೂ ಮೇಲೆ ಕಾಳುಕಾಳಾದ ಧೂಳು. ಎದ್ದು ಕಾಣುವ ಗುರುತಿದ್ದರೆ ಮೊದಲು ಅಳಿಸಬೇಕು. ಒಂದೇ ಮಚ್ಚೆ ಹತ್ತು ಕಡೆ ಕಂಡರೆ ನೋಡುವವನಿಗೆ ಗುಟ್ಟು ತಿಳಿದುಬಿಡುತ್ತದೆ.

ಈ ನಿಯಮವನ್ನು ಅವನು ಒಂದು ಗೋಡೆಗೆ ಮಾತ್ರ ಮುರಿದ.

ಕೌದಳ್ಳಿಯಲ್ಲಿ, ಮಾದೇಶ್ವರನ ಬೆಟ್ಟಕ್ಕೆ ಹೋಗುವ ರಸ್ತೆಯ ಪಕ್ಕ ಪುಟ್ಟಮಾದಮ್ಮನವರ ಟೀ ಅಂಗಡಿ. ಮುಂದೆ ತಗಡಿನ ಮಾಡು, ಹಿಂದೆ ಮನೆ. ಎರಡಕ್ಕೂ ನಡುವೆ ಒಂದೇ ಮಣ್ಣಿನ ಗೋಡೆ. ಪುಟ್ಟಮಾದಮ್ಮ ಟೀ ಕಾಸುತ್ತಿದ್ದರು. ಅವರ ಅತ್ತೆ ಈರಮ್ಮ ಗೋಡೆಗೊರಗಿ ಕುಳಿತು ಬೆಟ್ಟದ ಪ್ರಯಾಣಿಕರಿಗೆ ಎಲೆ ಅಡಿಕೆ ಕಟ್ಟಿಕೊಡುತ್ತಿದ್ದರು. ಎಲೆಗಳನ್ನು ಒತ್ತೊತ್ತಾಗಿ ಹರಡಿ, ಸುಣ್ಣದಲ್ಲಿ ಮೂರು ಬೆರಳು ಅದ್ದಿ, ಒಂದೇ ಎಳೆತಕ್ಕೆ ಬಳಿದುಬಿಡುವುದು ಅವರ ರೀತಿ. ಬೆರಳಲ್ಲಿ ಉಳಿದದ್ದು ಗೋಡೆಗೆ. ಪ್ರಾಯದಲ್ಲಿ ಕಬ್ಬು ಕಡಿಯಲು ಹೋಗಿದ್ದಾಗ ಉಂಗುರದ ಬೆರಳಿನ ತುದಿ ಮಚ್ಚಿಗೆ ಸಿಕ್ಕಿತ್ತು. ಆದ್ದರಿಂದ ಮೂರನೆಯ ಗೆರೆ ಯಾವಾಗಲೂ ಮೋಟು.

ಟೀ ಕುಡಿಯಲು ನಿಂತ ಶಿವಮಲ್ಲು ಒಂದು ಮೋಡದ ದಿನ ಆ ಗೋಡೆಯ ಫೋಟೋ ತೆಗೆದ. ಕೂದಲೆಳೆಯಷ್ಟಿದ್ದ ಬಿರುಕನ್ನು ಸ್ಟುಡಿಯೋದಲ್ಲಿ ಕಪ್ಪಾಗಿಸಿ ಅಗಲ ಮಾಡಿದ. ಸುಣ್ಣದ ಗುರುತುಗಳು ಗೋಡೆ ತುಂಬ ಇದ್ದವು. ಎಲ್ಲವನ್ನೂ ಅಳಿಸಿ ಒಂದನ್ನು ಉಳಿಸಿದ. ಅದೊಂದು ಏಕೆ ಎಂದು ಕೇಳಿದೆ.

“ಅದನ್ನ ತಗುದ್ರೆ ಗ್ವಾಡೆ ಸತ್ತೋಯ್ತದ ಸಾ” ಎಂದ.

ಆ ಗೋಡೆ ಅವನ ಹೆಸರು ಮಾಡಿತು. ಹನೂರು, ಯಳಂದೂರು, ಕೊಳ್ಳೇಗಾಲದ ಎಷ್ಟೋ ಮದುವೆ ಆಲ್ಬಮುಗಳಲ್ಲಿ ಹುಡುಗ ಹುಡುಗಿ ಅದಕ್ಕೊರಗಿ ನಿಂತರು. ಎಲ್ಲಿಯ ಗೋಡೆ ಎಂದು ಯಾರಾದರೂ ಕೇಳಿದರೆ ಶಿವಮಲ್ಲು, ಇದು ಎಲ್ಲೂ ಇಲ್ಲದ ಗೋಡೆ, ಕಂಪ್ಯೂಟರಿನಲ್ಲಿ ಮಣ್ಣು ಕಲಸಿ ತಾನೇ ಕಟ್ಟಿದ್ದು ಎನ್ನುತ್ತಿದ್ದ. ಅರ್ಧ ನಿಜವೂ ಹೌದು. ಕೇಳಿದವರು ಬೆರಗಾಗುತ್ತಿದ್ದರು, ಆ ಬೆರಗು ಅವನಿಗೆ ಬೇಕಿತ್ತು.

ಮರುವರ್ಷ ಹಿಂಗಾರು ಮಳೆ ಹಿಡಿದುಕೊಂಡಿತು. ಕೌದಳ್ಳಿಯ ಗೋಡೆ ನೀರು ಕುಡಿದು ಬಿರುಕು ಬಾಯಿ ಬಿಟ್ಟಿತು, ಶಿವಮಲ್ಲು ತೆರೆಯ ಮೇಲೆ ಅಗಲ ಮಾಡಿದ್ದ ದಾರಿಯಲ್ಲೇ. ಇದರಲ್ಲಿ ಪವಾಡವೇನಿಲ್ಲ. ಬಿರುಕು ಎಲ್ಲಿದೆಯೋ ಅಲ್ಲೇ ಬೆಳೆಯುತ್ತದೆ. ಮನೆಯೊಳಗೆ ಅದೇ ಗೋಡೆಗೆ ತಾಗಿ ಈರಮ್ಮನವರ ಮಂಚವಿತ್ತು. ಇನ್ನೊಂದು ಕಡೆ ಮಾಡು ಸೋರುತ್ತಿದ್ದುದರಿಂದ ಅದನ್ನು ಸರಿಸಲು ಜಾಗವಿರಲಿಲ್ಲ. ಮಳೆಹಾನಿ ಪರಿಹಾರಕ್ಕೆ ಅರ್ಜಿ ಹಾಕಿದವರು, ಅಧಿಕಾರಿಗಳು ನೋಡುವವರೆಗೆ ಗೋಡೆಯನ್ನು ಮುಟ್ಟಬಾರದೆಂದು ಊರಲ್ಲಿ ತಿಳಿದವರು ಹೇಳಿದ್ದರು. ಹೀಗಾಗಿ ಗೋಡೆ ಬೀಳುವ ಮುಂಚೆ ಯಾರಾದರೂ ಬಂದು ನೋಡಬೇಕು. ನೋಡುವವರೆಗೆ ಅದನ್ನು ಬೀಳುವ ಹಾಗೆಯೇ ಕಾಪಾಡಿಕೊಳ್ಳಬೇಕು. ಪುಟ್ಟಮಾದಮ್ಮ ಮೊಬೈಲಿನಲ್ಲಿ ಫೋಟೋ ತೆಗೆದು, ಕೊಳ್ಳೇಗಾಲಕ್ಕೆ ಬಂದು, ಪರಿಚಯದ ಶಿವಮಲ್ಲುವಿನ ಹತ್ತಿರವೇ ಪ್ರಿಂಟ್ ಹಾಕಿಸಿದರು. ಅವನು ಅಭ್ಯಾಸದಂತೆ ಹಿಂಬದಿಗೆ ಸ್ಟುಡಿಯೋದ ಮೊಹರು ಒತ್ತಿದ.

ಹನೂರಿನ ತಾಲ್ಲೂಕು ಕಚೇರಿಯ ಗುಮಾಸ್ತರು ಫೋಟೋ ನೋಡಿದರು, ತಿರುಗಿಸಿ ಮೊಹರು ನೋಡಿದರು, ಮತ್ತೆ ಫೋಟೋ ನೋಡಿದರು. ಅವರನ್ನು ನಾನು ಬಲ್ಲೆ. ಕೆಟ್ಟವರಲ್ಲ. ಎಲ್ಲಿಂದಲೋ ತಂದ ಚಿತ್ರ ಅಂಟಿಸಿದ ಅರ್ಜಿಗಳನ್ನು ಕಂಡು ಹುಷಾರಾಗಿದ್ದವರು.

“ಈ ಗೋಡೆ ನಮ್ಮನೇಲೂ ಅದ ಕಣಮ್ಮ, ನನ್ನ ಮಗಳ ಮದುವೆ ಆಲ್ಬಮ್ಮಿನಲ್ಲಿ” ಎಂದು ಫೋಟೋ ಹಿಂದಕ್ಕೆ ಕೊಟ್ಟರು.

ಸುದ್ದಿ ಕೇಳಿ ಶಿವಮಲ್ಲು ಅಂಗಡಿ ಮುಚ್ಚಿ ಹನೂರಿಗೆ ಓಡಿದ. ಜೊತೆಗೆ ತಿದ್ದುವ ಮೊದಲಿನ ಮೂಲ ಚಿತ್ರವನ್ನೂ ಒಯ್ದ. ಗುಮಾಸ್ತರು ಅದನ್ನೂ ನೋಡಿದರು. ಒಂದು ಗೋಡೆಯನ್ನು ಕಟ್ಟಬಲ್ಲವನು ಅದರ ಮೂಲವನ್ನೂ ಕಟ್ಟಬಲ್ಲ ಎಂಬ ಅವರ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ.

“ಎಲ್ಲೂ ಇಲ್ದಿರೋ ಗ್ವಾಡೆ ಅಂತ ನನ್ನ ಬೀಗ್ರ ಮುಂದೆ ಏಳ್ದೋನು ನೀನೇ ತಾನೆ? ಈಗ ಕೌದಳ್ಳೀಲಿ ಎಂಗ್ಲಾ ಉಟ್ತು?” ಎಂದು ಕೇಳಿದರಂತೆ.

ನಮ್ಮ ಪತ್ರಿಕೆಯೂ ಹೆಚ್ಚೇನು ಮಾಡಲಿಲ್ಲ. ನಾನು ಚಿಕ್ಕದೊಂದು ಸುದ್ದಿಯೊಂದಿಗೆ ಪುಟ್ಟಮಾದಮ್ಮ ತೆಗೆದ ಚಿತ್ರ ಕಳಿಸಿದೆ. ಡೆಸ್ಕಿನಿಂದ ಫೋನ್ ಬಂತು. ಬಿರುಕು ತೀರಾ ಚೆನ್ನಾಗಿದೆ, ಚಿತ್ರ ತಿದ್ದಿದ್ದೇ ಎಂದು ಕೇಳಿದರು. ಇಲ್ಲ ಎಂದೆ. ಆದರೂ ಚಿತ್ರ ಬಿಟ್ಟು ನಾಲ್ಕು ಸಾಲು ಹಾಕಿದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಮಳೆ ಬಿಟ್ಟಿರಲಿಲ್ಲ. ಒಂದು ದಿನ ಬೇರೊಂದು ವಿಷಯಕ್ಕೆ ನಾನು ಅದೇ ಗುಮಾಸ್ತರ ಮುಂದೆ ಕುಳಿತಿದ್ದಾಗ ಈರಮ್ಮ ಬಂದರು. ಹಿಂದೆ ಸೊಸೆ, ಅವರ ಹಿಂದೆ ತಲೆ ತಗ್ಗಿಸಿಕೊಂಡ ಶಿವಮಲ್ಲು. ಈರಮ್ಮ ಕುರ್ಚಿ ಬೇಡವೆಂದರು. ಫೋಟೋವನ್ನು ಮೇಜಿನ ಮೇಲಿಟ್ಟು, ಬಿಳಿ ಗೆರೆಗಳನ್ನು ತೋರಿಸಿ, ಇವು ನಿಮ್ಮ ಮಗಳ ಪಟದಲ್ಲೂ ಇದ್ದಾವಾ ಎಂದು ವಿಚಾರಿಸಿದರು. ಇವೆ ಎಂದರು ಗುಮಾಸ್ತರು. ಈರಮ್ಮ ಸೊಂಟದ ಚೀಲ ಬಿಚ್ಚಿ ಸುಣ್ಣದ ಡಬ್ಬಿ ತೆಗೆದರು. ಕಚೇರಿಯಲ್ಲಿ ಎಲೆ ಅಡಿಕೆ ಹಾಕಬಾರದೆಂದು ಯಾರೋ ಹೇಳುವಷ್ಟರಲ್ಲಿ ಮೂರು ಬೆರಳು ಅದ್ದಿ, ಕ್ಯಾಲೆಂಡರಿನ ಪಕ್ಕದ ಬರಿಗೋಡೆಗೆ ಎಳೆದೇಬಿಟ್ಟರು. ಎರಡು ಉದ್ದ. ಒಂದು ಮೋಟು.

“ಗ್ವಾಡೆ ಇವ್ನು ಮಾಡವ್ನೆ ಅಂತೀರಲ್ಲ ಸಾಮಿ” ಎಂದರು, ಕೈ ಹಾಗೇ ಎತ್ತಿ ಹಿಡಿದು. “ನನ್ನ ಬೆರಳ್ನೂ ಇವ್ನೇ ಮಾಡುದ್ನಾ?”

ಗುಮಾಸ್ತರು ಎದ್ದು ಫೋಟೋವನ್ನು ಗೋಡೆಯ ಗುರುತಿನ ಪಕ್ಕಕ್ಕೆ ಹಿಡಿದರು. ಅತ್ತಿತ್ತ ನೋಡಿದರು. ಆಮೇಲೆ ಈರಮ್ಮನವರ ಕೈ ನೋಡಿದರು. ಅದನ್ನೇಕೋ ಬಹಳ ಹೊತ್ತು ನೋಡಲಿಲ್ಲ. ಕಚೇರಿಯ ಗೋಡೆ ಕೆಡಿಸಿದ್ದಕ್ಕೆ ಬೈಯುತ್ತಾರೆಂದು ನಾನು ಕಾದೆ. ಅವರು ಹೆಲ್ಮೆಟ್ ಹುಡುಕಿದರು, ಮೇಲಿನವರಿಗೆ ಹೇಳಿ ಹೊರಟರು. ನನ್ನ ಕೆಲಸ ಅಲ್ಲಿಗೆ ನಿಂತುದರಿಂದ ಶಿವಮಲ್ಲುವಿನ ಬೈಕಿನಲ್ಲಿ ನಾನೂ ಹಿಂದೆ ಹೋದೆ.

ಕೌದಳ್ಳಿಯಲ್ಲಿ ಗುಮಾಸ್ತರು ಮೊದಲು ಆಲ್ಬಮಿನಲ್ಲಿ ಕಂಡಿದ್ದ ಜಾಗವನ್ನು ಹುಡುಕಿದರು. ಬಿರುಕು, ಅದರ ಕವಲು, ಗೆರೆ. ನಂತರ ಅಂಗೈ ಇಟ್ಟು ಮೆಲ್ಲಗೆ ಒತ್ತಿದರು. ಹಸಿಮಣ್ಣಿನ ಹೆಂಟೆಯೊಂದು ಕಳಚಿ ಅವರ ಅಂಗಿಯ ತೋಳಿನೊಳಗೆ ಇಳಿಯಿತು. ಅವರು ಅದನ್ನು ಕೊಡವಲೂ ಇಲ್ಲ. ಒಳಗೆ ಹೋಗಿ ಮಂಚ ನೋಡಿದರು. “ಇದರ ಪಕ್ಕ ಮಲಗ್ತೀಯಾ ಅಜ್ಜಿ?” ಎಂದರು. ಉತ್ತರಕ್ಕೆ ಕಾಯದೆ ಮಂಚದ ಒಂದು ತುದಿ ಹಿಡಿದರು. ಇನ್ನೊಂದು ತುದಿ ಶಿವಮಲ್ಲು ಹಿಡಿದ. ಇಬ್ಬರೂ ಅದನ್ನು ಟೀ ಅಂಗಡಿಯ ತಗಡಿನ ಕೆಳಗೆ, ಗೋಡೆಯಿಂದ ದೂರಕ್ಕೆ ತಂದು ಇಟ್ಟರು. ವರದಿ ಅಲ್ಲೇ ಬರೆದರು. ಮಳೆ ಬಿಟ್ಟ ಮೇಲೆ ಮನೆಯವರೇ ಗೋಡೆ ಕೆಡವಿ ಸಿಮೆಂಟ್ ಇಟ್ಟಿಗೆಯದು ಕಟ್ಟಿದರು.

ಶಿವಮಲ್ಲು ಅಂದಿನಿಂದ ಎಲ್ಲೂ ಇಲ್ಲದ ಗೋಡೆ ಎನ್ನುವುದನ್ನು ಬಿಟ್ಟ. ‘ಕೌದಳ್ಳಿ ಗ್ವಾಡೆ’ ಎನ್ನುತ್ತಿದ್ದ. ಇಷ್ಟೆಲ್ಲ ಆಯಿತಲ್ಲ, ಚಿತ್ರದಲ್ಲಿರುವ ಬೆರಳ ಗುರುತು ಅಳಿಸಿಬಿಡಲೇ ಎಂದು ಟೀ ಕುಡಿಯುತ್ತ ಈರಮ್ಮನವರನ್ನು ಕೇಳಿದ. ಅವರು ಹೊಸ ಗೋಡೆಯ ಮುಂದೆ ಕುಳಿತಿದ್ದರು. ಅದಕ್ಕೆ ಪೇಂಟ್ ಬಳಿದಿತ್ತು, ಸೊಸೆಯ ಕಾವಲಿತ್ತು. ಸುಣ್ಣ ಒರೆಸಲು ಪಕ್ಕದಲ್ಲೊಂದು ಕಲ್ಲು ಕೊಟ್ಟಿದ್ದರು.

“ಇರ್ಲಿ ಬುಡ್ಲಾ” ಎಂದರು. “ಇಲ್ಲಂತೂ ಒರ್ಸಕ್ಕ ಬುಡಾಕಿಲ್ಲ ಇವ್ಳು. ಅಲ್ಲಾರ ಇರ್ಲಿ.”

ಈರಮ್ಮ ಈಗಿಲ್ಲ. ಶಿವಮಲ್ಲುವಿನ ಗೋಡೆ ಒಬ್ಬರಿಂದ ಒಬ್ಬರಿಗೆ ಹೋಗಿ, ಯಾವ ಊರಿನ ಮುದ್ರಣದವರ ಕೈ ಸೇರಿತೋ, ಯಳಂದೂರಿನ ಹೋಟೆಲಿಗೆ ಬಂದಿದೆ. ಅಂಟಿಸಿದವರಿಗೆ ಅದು ಬರಿಯ ಹಳೆಯ ಗೋಡೆ.

ಕಾಫಿ ಮುಗಿಸಿ ಕೈ ತೊಳೆಯಲು ಮೂಲೆಯ ಬೇಸಿನ್ನಿಗೆ ಹೋದೆ. ಅಲ್ಲೂ ಮೂರು ಗೆರೆ. ಅವುಗಳ ಪಕ್ಕ ನಾಲ್ಕನೆಯದೊಂದಿತ್ತು. ಬೇರೆಲ್ಲೂ ನಾಲ್ಕು ಇರಲಿಲ್ಲ; ತಿರುಗಿ ಗೋಡೆಯುದ್ದಕ್ಕೂ ನೋಡಿ ಖಚಿತಪಡಿಸಿಕೊಂಡೆ. ಮುಟ್ಟಿದೆ. ಮೂರು ಗೆರೆಗಳು ನುಣ್ಣಗೆ, ತಣ್ಣಗೆ ಇದ್ದವು. ನಾಲ್ಕನೆಯದು ನನ್ನ ಬೆರಳಿಗೆ ಬೆಳ್ಳಗೆ ಬಂತು. ಊಟ ಮುಗಿಸಿ ಎಲೆ ಹಾಕಿಕೊಂಡ ಯಾರೋ, ಇಲ್ಲಿ ಮೊದಲೇ ಒರೆಸಿದ್ದಾರೆಂದು ನೋಡಿ, ತಮ್ಮದನ್ನೂ ಒರೆಸಿ ಹೋಗಿದ್ದಾರೆ. ಮೈ ಬಂತು ಎಂದು ಶಿವಮಲ್ಲು ಕುರ್ಚಿ ಹಿಂದಕ್ಕೆ ತಳ್ಳುತ್ತಿದ್ದದ್ದು ಇಂಥದಕ್ಕೇ ಇರಬೇಕು.

ಬೇಸಿನ್ನಿನಲ್ಲಿ ನೀರು ಬರುತ್ತಿತ್ತು. ಗಲ್ಲಾದವನು ಚಿಲ್ಲರೆಯ ಮೇಲೆ ಕಣ್ಣಿಟ್ಟಿದ್ದ. ಬೆರಳಿಗೆ ಹತ್ತಿದ ಸುಣ್ಣವನ್ನು, ಮೋಟು ಗೆರೆಗೆ ತಾಗದ ಹಾಗೆ, ನಾಲ್ಕನೆಯದರ ಪಕ್ಕದಲ್ಲಿ ಒರೆಸಿ ಹೊರಗೆ ಬಂದೆ. ಅಂಚು ಕತ್ತರಿಸುವುದನ್ನು ಬಿಟ್ಟರೆ ಚಿತ್ರವೊಂದಕ್ಕೆ ನಾನು ಮಾಡಿದ ತಿದ್ದುಪಡಿ ಅದೊಂದೇ.