ಖೋಲಿ ಯಾಕ ಬಿಟ್ಲು?

ಮದುವೆಯ ಊಟ ಮುಗಿಸಿ ಹೊರಡುವವರನ್ನು ಬಾಗಿಲಲ್ಲಿ ನಿಲ್ಲಿಸಿ ‘ಊಟ ಹೇಗಿತ್ತು’ ಎಂದು ಕೇಳಿ ನೋಡಿ. ‘ಬಹಳ ಚೆನ್ನಾಗಿತ್ತು’ ಎನ್ನುತ್ತಾರೆ. ಕೈಯಲ್ಲಿ ತಾಂಬೂಲ ಹಿಡಿದುಕೊಂಡು ಬೇರೇನು ಹೇಳಲು ಬರುತ್ತದೆ? ಅದೇ ಜನ ಸ್ಟೇಷನ್ ತಲುಪಿ ಲೋಕಲ್ ಹತ್ತಿ ಕೂತುಕೊಳ್ಳಲಿ. ಸಾರಿಗೆ ಉಪ್ಪು ಕಡಿಮೆಯಾದದ್ದು, ಹೋಳಿಗೆ ಹರಿದದ್ದು, ಎರಡನೆಯ ಸಲ ತುಪ್ಪ ಬೀಗರ ಸಾಲಿಗೆ ಮಾತ್ರ ಬಂದದ್ದು ಒಂದೊಂದಾಗಿ ಹೊರಬೀಳುತ್ತವೆ. ಅಭಿಪ್ರಾಯವೆಂಬುದು ಕೇಳಿದಾಗ ಬರುವಂಥದ್ದಲ್ಲ, ಕೇಳಿದವನು ಮರೆಯಾದ ಮೇಲೆ ಬರುವಂಥದ್ದು.

ಈ ಜ್ಞಾನ ನನಗೆ ಮೊದಲೇ ಇದ್ದಿದ್ದರೆ ನಮ್ಮ ಸಂಘದ ಸಭೆಯಲ್ಲಿ ಎದ್ದು ನಿಂತು ಭಾಷಣ ಮಾಡುತ್ತಿರಲಿಲ್ಲ. ಮುಂಬಯಿಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಒಂದು ಸಂಘ, ಐದನೆಯವನು ಬಂದರೆ ಎರಡು ಸಂಘ ಎಂದು ಹೇಳುವುದುಂಟು. ನಮ್ಮದು ಆ ಮೊದಲನೆಯ ಬಗೆಯದು. ಆ ವರ್ಷ ಸಂಘಕ್ಕೆ ಒಳ್ಳೆಯ ಬುದ್ಧಿ ಬಂದು, ಒಂದು ಹೊಸ ಕಾದಂಬರಿಗೆ ಬಹುಮಾನ ಕೊಡುವುದೆಂದು ತೀರ್ಮಾನವಾಯಿತು. ಶಾಲು, ಬೆಳ್ಳಿಯ ಬಟ್ಟಲು. ಮೂವರು ತೀರ್ಪುಗಾರರು ಬಂದ ಪುಸ್ತಕಗಳನ್ನೆಲ್ಲ ಜಾಲಾಡಿ ಮೂರನ್ನು ಆರಿಸಿಟ್ಟರು. ಇನ್ನು ಅವರಲ್ಲಿ ಅವರೇ ಒಂದನ್ನು ಎತ್ತಿ ಹಿಡಿದರೆ ಕೆಲಸ ಮುಗಿಯಿತು. ಆಗ ನಾನು ಎದ್ದು ನಿಂತೆ.

‘ಅಡಿಗೆ ಹೇಗಿದೆಯೆಂದು ನಾಲಿಗೆಯನ್ನು ಬಿಟ್ಟು ವೈದ್ಯರನ್ನು ಕೇಳುವುದುಂಟೆ? ಓದುವವರನ್ನೂ ಒಂದು ಮಾತು ಕೇಳಬೇಕು’ ಎಂದೆ. ಚಪ್ಪಾಳೆ ಬಿತ್ತು. ವಿಮಾ ಕಂಪನಿಯ ಗುಮಾಸ್ತನಿಗೆ ಚಪ್ಪಾಳೆ ಅಪರೂಪ. ಆ ಸದ್ದಿಗೆ ಉಬ್ಬಿ, ನಮ್ಮ ಓದುಗರು ದಡ್ಡರಲ್ಲ, ಅವರ ಮಾತಿಗೆ ನಾನು ಹೊಣೆ ಎಂದೂ ಸೇರಿಸಿಬಿಟ್ಟೆ. ತೀರ್ಪುಗಾರರ ಮುಖ್ಯಸ್ಥರು ಕಾಲೇಜಿನಲ್ಲಿ ಸಂಸ್ಕೃತ ಕಲಿಸುವ ಪ್ರೊಫೆಸರರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

‘ಆಗಲಿ. ಈ ಸಲ ಓದುಗರನ್ನೇ ಕೇಳೋಣ. ಅವರ ಮಾತಿನಲ್ಲಿ ಹುರುಳಿದ್ದರೆ ಅವರು ಹೇಳಿದ ಕಾದಂಬರಿಗೇ ಬಹುಮಾನ. ಹುರುಳಿಲ್ಲದಿದ್ದರೆ ಇನ್ನು ಈ ಸಂಘದಲ್ಲಿ ಯಾರೂ ಆ ಮಾತು ಎತ್ತಬಾರದು. ಅಭಿಪ್ರಾಯ ಕೂಡಿಸಿ ತರುವ ಕೆಲಸ ನಿಮ್ಮದು.’

ಹೀಗೆ ಓದುಗವರ್ಗದ ಮಾನವೂ ನನ್ನ ಮಾನವೂ ಒಂದೇ ಚೀಲದಲ್ಲಿ ಬಿದ್ದು, ಆ ಚೀಲ ನನ್ನ ಹೆಗಲಿಗೆ ಬಂತು. ಒಳಗೆ ಮೂರೂ ಕಾದಂಬರಿಗಳ ಕೆಲವು ಪ್ರತಿಗಳಿದ್ದವು.

ನಮ್ಮದು ಸಾಂತಾಕ್ರೂಜಿನ ಒಂದು ಚಾಳು, ಖೋಲಿ ಎನ್ನುವ ಒಂಟಿ ಕೋಣೆಯ ಮನೆಗಳ ಸಾಲು. ಕರ್ನಾಟಕದ ಏಕೀಕರಣಕ್ಕೆ ದೊಡ್ಡವರು ಇನ್ನೂ ಠರಾವು ಮಾಡುತ್ತಿದ್ದ ಕಾಲ ಅದು. ನಮ್ಮ ಚಾಳಿನಲ್ಲಿ ಮಾತ್ರ ಧಾರವಾಡ, ವಿಜಾಪುರ, ಮೈಸೂರು ಎಂದೋ ಒಂದಾಗಿದ್ದವು. ಒಂದುಗೂಡಿಸಿದ್ದು ದೇಶಾಭಿಮಾನವಲ್ಲ, ಮಹಡಿಗೆ ಒಂದೇ ಇದ್ದ ನಲ್ಲಿ. ನಸುಕಿನಲ್ಲಿ ಅದರ ಮುಂದೆ ಕೊಡಗಳ ಸಾಲು ನಿಂತರೆ ಅದೇ ನಮ್ಮ ಅಖಂಡ ಕರ್ನಾಟಕ. ಪುಸ್ತಕಗಳನ್ನು ನಾನು ಅಲ್ಲಿಯೇ ಹಂಚಿದೆ. ಮಧ್ಯಾಹ್ನ ಹೆಂಗಸರು ಓದಿದರು, ಬೆಳಿಗ್ಗೆ ಸಂಜೆ ಗಂಡಸರು ಲೋಕಲ್‌ನಲ್ಲಿ ಓದಿದರು. ಅಂಧೇರಿಯ ಸ್ನೇಹಿತರಿಗೂ ಆಂಟಾಪ್ ಹಿಲ್‌ನ ಸಂಬಂಧಿಕರಿಗೂ ಕೈಬದಲಾಗಿ ಹೋದವು.

ಕಾದಂಬರಿಗಳ ಹೆಸರನ್ನು ಒಬ್ಬರೂ ನೆನಪಿಟ್ಟುಕೊಳ್ಳಲಿಲ್ಲ. ಒಂದು ‘ರಾಜಂದು’, ಇನ್ನೊಂದು ‘ಸನ್ಯಾಸೀದು’, ಮೂರನೆಯದು ‘ಖೋಲೀದು’. ರಾಜನದು ಕೋಟೆ ಕಾಳಗಗಳ ದಪ್ಪ ಪುಸ್ತಕ. ಸನ್ಯಾಸಿಯದು ಬಹಳ ಆಳವಾದದ್ದು, ಇಳಿದವರು ಬೇಗ ಮೇಲೆ ಬರುತ್ತಿರಲಿಲ್ಲ. ಖೋಲಿಯದು ಮಾತ್ರ ತೆಳ್ಳಗೆ. ಅದರಲ್ಲಿ ವತ್ಸಲೆ ಎಂಬವಳೊಬ್ಬಳು ದಾದರಿನ ಒಂದು ಖೋಲಿಯಲ್ಲಿ ಸಂಸಾರ ಮಾಡುತ್ತಾಳೆ. ಬಾಡಿಗೆಯ ರಸೀದಿ ಅವಳ ತಂದೆಯಿಂದ ಅವಳ ಹೆಸರಿಗೇ ಬಂದದ್ದು. ನಲ್ಲಿ ಖೋಲಿಯ ಒಳಗೇ ಇದೆ. ಗಂಡ ಮಾತ್ರ ಮಾತುಮಾತಿಗೆ ಅವಮಾನ ಮಾಡುವ ಮನುಷ್ಯ. ಒಂದು ದಿನ ಅವಳು ಟ್ರಂಕು ಹಿಡಿದು, ಗಂಡನನ್ನೂ ಖೋಲಿಯನ್ನೂ ಬಿಟ್ಟು ಹೊರಟುಬಿಡುತ್ತಾಳೆ. ಎಲ್ಲಿಗೆಂದು ಪುಸ್ತಕ ಹೇಳುವುದಿಲ್ಲ. ಕತೆ ಅಷ್ಟೆ.

ವಾರ ಕಳೆದು ಕಾಗದ ಪೆನ್ಸಿಲು ಹಿಡಿದು ಹೊರಟೆ. ರಾಜನದು? ‘ಬಹಳ ಚೆನ್ನಾಗಿದೆ.’ ಸನ್ಯಾಸಿಯದು? ‘ಭಾಳ ಛಲೋ ಅದರಿ. ದೊಡ್ಡ ದೊಡ್ಡ ವಿಚಾರ ಅದಾವು.’ ಥೇಟ್ ತಾಂಬೂಲ ಹಿಡಿದವರ ಮಾತು. ನನ್ನ ಕಾಗದದ ತುಂಬ ಚೆನ್ನಾಗಿದೆಗಳು ತುಂಬಿಕೊಂಡವು. ಇದನ್ನು ಪ್ರೊಫೆಸರರ ಮುಂದೆ ಇಟ್ಟರೆ ನನ್ನ ಗತಿಯೇನು?

ಅಷ್ಟರಲ್ಲಿ ಪಕ್ಕದ ಖೋಲಿಯ ಗಂಗಕ್ಕ ಬಂದರು. ಧಾರವಾಡದ ಕಡೆಯವರು. ಗಂಡ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಅತ್ತೆ, ಮಕ್ಕಳು, ಮೈದುನ ಸೇರಿ ಒಂದೇ ಖೋಲಿಯಲ್ಲಿ ಏಳು ಜನ. ಮೂರನೆಯ ಪುಸ್ತಕವನ್ನು ನನ್ನ ಮುಂದೆ ಕುಕ್ಕಿದರು.

‘ಯಾರ್ರೀ ಇದನ್ನ ಬರದವ್ರು? ಗಂಡನ್ನ ಬಿಟ್ಲು, ಬಿಡವಲ್ಲಳ್ಯಾಕ, ಅಂಥಾವ ಇದ್ರೆಷ್ಟು ಬಿಟ್ರೆಷ್ಟು. ಆದ್ರ ಖೋಲಿ ಯಾಕ ಬಿಟ್ಲು? ಒಳಗ ನಳಾ ಇದ್ದ ಖೋಲಿ?’

‘ಗಂಗಕ್ಕ, ಕಾದಂಬರಿ ಹೇಗಿದೆ ಅಂತ ಹೇಳಿ.’

‘ಕಾದಂಬರಿ ಸುಡ್ರಿ. ರಸೀದಿ ಆಕಿ ಹೆಸರಿಲೆ ಅದನೋ ಇಲ್ಲೋ? ಅವಗ ಹೊರಗ ಹೋಗಂತ ಹೇಳಬೇಕಿತ್ತು. ಮೂರು ದಿನಾ ಆತು, ನನಗ ರೊಟ್ಟಿ ಬಡಿಯೂ ಮುಂದ ಆಕೀದೇ ಚಿಂತಿ.’

ಇದನ್ನು ಏನೆಂದು ಬರೆದುಕೊಳ್ಳುವುದು? ಹೇಳಿದಂತೆಯೇ ಬರೆದುಕೊಂಡೆ. ಒಳಗಿನಿಂದ ನನ್ನ ಹೆಂಡತಿ ಬಂದಳು. ಅವಳು ಮೈಸೂರಿನವಳು, ಸಾವಧಾನದ ಮನುಷ್ಯಳು. ‘ಬಿಟ್ಟಿದ್ದೇ ಸರಿ ಗಂಗಕ್ಕ. ಅಂಥವನ ಮುಖ ನೋಡ್ಕೊಂಡು ಒಳಗಿನ ನಲ್ಲಿ ನೀರು ಕುಡಿಯೋದಕ್ಕಿಂತ ಕ್ಯೂ ನಿಂತು ಕುಡಿಯೋದೇ ವಾಸಿ’ ಎಂದಳು. ಹೇಳುವಾಗ ಯಾಕೋ ನನ್ನ ಕಡೆ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಮರುದಿನ ನಸುಕಿನಲ್ಲಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವನು ನಾನು.

ಅಲ್ಲಿಂದ ಹೊತ್ತಿಕೊಂಡಿತು ನೋಡಿ. ಚಾಳಿನಲ್ಲಿ ಎರಡು ಪಕ್ಷಗಳಾದವು. ಖೋಲಿ ಬಿಡಬಾರದಿತ್ತು ಎಂಬವರು, ಬಿಟ್ಟದ್ದೇ ಸರಿ ಎಂಬವರು. ಕೊಡದ ಸಾಲಿನಲ್ಲಿ ವಾದ, ರೇಷನ್ ಅಂಗಡಿಯಲ್ಲಿ ವಾದ. ವತ್ಸಲೆಗೆ ಬುದ್ಧಿಯಿಲ್ಲ ಎಂದರು, ಸೊಕ್ಕು ಎಂದರು, ಪಾಪ ಎಂದರು. ಅಂಧೇರಿಯಿಂದ ಒಬ್ಬರು ಅವಳು ತೌರಿಗೆ ಹೋಗಿರಬೇಕೆಂದು ಹೇಳಿ ಕಳಿಸಿದರು. ತೌರೇ ಆ ಖೋಲಿಯಲ್ಲವೇ ಎಂದು ಇಲ್ಲಿಂದ ಉತ್ತರ ಹೋಯಿತು. ರಾಜನನ್ನೂ ಸನ್ಯಾಸಿಯನ್ನೂ ಎಲ್ಲರೂ ಹೊಗಳಿದರು. ವತ್ಸಲೆಯನ್ನು ಹೊಗಳಲು ಒಬ್ಬರಿಗೂ ಪುರುಸೊತ್ತಿರಲಿಲ್ಲ.

ನನ್ನ ಆಫೀಸಿನ ಶಾಮಣ್ಣನವರೂ ಅದನ್ನು ಓದಿದರು. ನಲವತ್ತು ದಾಟಿದ ಬ್ರಹ್ಮಚಾರಿ, ಮಾಟುಂಗಾದ ಒಂದು ಲಾಡ್ಜಿನ ಕೋಣೆಯಲ್ಲಿ ನಾಲ್ವರ ಜೊತೆ ಐದನೆಯವರು. ಹೆಣ್ಣಿನವರು ಬರುತ್ತಿದ್ದರು, ಜಾತಕ ಕೂಡುತ್ತಿತ್ತು, ‘ಹುಡುಗನಿಗೆ ಖೋಲಿ ಇದೆಯೇ’ ಎಂಬ ಪ್ರಶ್ನೆಗೆ ಎಲ್ಲವೂ ಮುರಿದುಬೀಳುತ್ತಿತ್ತು. ಪಗಡಿಯೆಂದು ದೊಡ್ಡ ಮೊತ್ತ ಮುಂಗಡ ಕೊಟ್ಟು ಖೋಲಿ ಹಿಡಿಯುವ ಶಕ್ತಿ ಅವರಿಗಿರಲಿಲ್ಲ. ಆಫೀಸಿನಿಂದ ಹೊರಟು ನಡೆಯುವಾಗ ಮೆಲ್ಲಗೆ ಕೇಳಿದರು:

‘ಆ ಖೋಲಿ ಈಗ ಯಾರ ಹತ್ರ ಇದೆ?’

‘ಶಾಮಣ್ಣ, ಅದು ಕತೆ.’

‘ಗೊತ್ತು. ಆದರೂ ಖಾಲಿ ಬಿದ್ದಿದ್ರೆ ಎಷ್ಟು ಅನ್ಯಾಯ, ಅಲ್ವೆ?’

ನನಗೆ ನಗು ಬರಲಿಲ್ಲ. ಹಿಂದಿನ ಆಲಂಕಾರಿಕರು ಸಹೃದಯನ ವಿಷಯವಾಗಿ ಬಹಳ ಹೇಳಿದ್ದಾರೆ. ಪಾತ್ರದ ದುಃಖ ಓದುವವನ ದುಃಖವಾಗುವ ಬಗೆಗೆ ಉದ್ದವಾದೊಂದು ಹೆಸರನ್ನೂ ಇಟ್ಟಿದ್ದಾರೆ. ಆದರೆ ಆ ಸಹೃದಯನಿಗೆ ರಾತ್ರಿ ಕಾಲು ಚಾಚಲು ಎಷ್ಟು ಜಾಗವಿತ್ತೆಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಶಾಮಣ್ಣನವರಂಥವರಿಗಾಗಿ ಇನ್ನೊಂದು ರಸವನ್ನು ಸೇರಿಸುತ್ತಿದ್ದರೋ ಏನೋ.

ತೀರ್ಪಿನ ದಿನ ನಾನು ಕಾಗದಗಳನ್ನು ಹಿಡಿದು ಹೋದೆ. ಪ್ರೊಫೆಸರರ ಎಡಕ್ಕೆ ಒಬ್ಬ ವಕೀಲರು, ಬಲಕ್ಕೆ ಒಬ್ಬ ನಿವೃತ್ತ ಹೆಡ್‌ಮಾಸ್ತರರು. ಪ್ರೊಫೆಸರರು ಒಂದೊಂದನ್ನೇ ಗಟ್ಟಿಯಾಗಿ ಓದಿದರು. ಗಂಗಕ್ಕನ ‘ಕಾದಂಬರಿ ಸುಡ್ರಿ’ ಬಂದಾಗ ಓದುವುದನ್ನು ನಿಲ್ಲಿಸಿದರು.

‘ಇದು ಸಾಹಿತ್ಯದ ಅಭಿಪ್ರಾಯವೋ, ಬಾಡಿಗೆಯ ಖಟ್ಲೆಯೋ? ಶೈಲಿಯ ಬಗ್ಗೆ ಒಂದು ಮಾತಿಲ್ಲ, ಪಾತ್ರರಚನೆಯ ಬಗ್ಗೆ ಒಂದು ಮಾತಿಲ್ಲ. ಎಲ್ಲರಿಗೂ ಖೋಲಿಯದೇ ಚಿಂತೆ. ನಿಮ್ಮ ಓದುಗರ ಹುರುಳು ಇಷ್ಟೇ ಏನು?’

ಚಪ್ಪಾಳೆ ಗಿಟ್ಟಿಸಿದ ನಾಲಿಗೆ ಬೇಕಾದಾಗ ಮೇಲೇಳಲಿಲ್ಲ. ಕಾಪಾಡಿದವರು ವಕೀಲರು, ಅದೂ ಗೊತ್ತಿಲ್ಲದೆ.

‘ಆದರೂ ಆ ಹೆಣ್ಣುಮಗಳು ಹೇಳೂದು ಕಾಯದೆ ಪ್ರಕಾರ ಸರಿ ಅದ. ರಸೀದಿ ವತ್ಸಲೆ ಹೆಸರಿನಾಗ ಇದ್ದಮ್ಯಾಲ ಆಕಿ ಹೋಗೂ ಕಾರಣ ಇರಲಿಲ್ಲ’ ಎಂದರು.

‘ಕಾಯ್ದೆ ಇಟ್ಕೊಂಡು ಏನು ಮಾಡ್ತೀರಿ? ಅವನನ್ನ ಹೊರಗೆ ಹಾಕಿದ್ರೆ ಬಾಗಿಲ ಮುಂದಿನ ಗ್ಯಾಲರಿಯಲ್ಲೇ ಕೂತು ಅಳ್ತಿದ್ದ. ಅಕ್ಕಪಕ್ಕದವರೇ ಒಳಗೆ ಕಳಿಸ್ತಿದ್ರು’ ಎಂದು ಹೆಡ್‌ಮಾಸ್ತರರು ಎದ್ದು ಕೂತರು. ಅಂಥದೊಂದು ಪ್ರಸಂಗವನ್ನು ಅವರು ತಮ್ಮ ಬಿಲ್ಡಿಂಗಿನಲ್ಲಿಯೇ ಕಂಡಿದ್ದರಂತೆ.

‘ಕೂತರೆ ಕೂರಲಿ’ ಎಂದರು ಪ್ರೊಫೆಸರರು. ‘ನೀವು ಮುಖ್ಯವಾದದ್ದನ್ನೇ ಮರೆಯುತ್ತೀರಿ. ನಲ್ಲಿ ಒಳಗಿದೆ. ದಾದರಿನಲ್ಲಿ ಒಳಗೆ ನಲ್ಲಿ ಇರುವ ಖೋಲಿ ಇವತ್ತು ಯಾರಿಗೆ ಸಿಗುತ್ತದೆ? ನಾನು ಭಾವಮೈದುನನ ಮನೆಯಲ್ಲಿ ಎಷ್ಟು ವರ್ಷದಿಂದ ಇದ್ದೇನೆ ಗೊತ್ತೆ ನಿಮಗೆ?’

ನಮಗೆ ಗೊತ್ತಿರಲಿಲ್ಲ. ಅವರು ಹೇಳಿದರು. ವಕೀಲರು ಅಡ್ಡಬಂದರು. ಹೆಡ್‌ಮಾಸ್ತರರು ಮೇಜು ಕುಟ್ಟಿದರು. ತಂದಿಟ್ಟ ಚಹಾ ಆರಿ ಕೆನೆ ಕಟ್ಟಿತು. ನಾನು ಮೂಲೆಯಲ್ಲಿ ಕೂತು ಮೂವರ ಮುಖವನ್ನೂ ನೋಡಿದೆ. ನಮ್ಮ ಚಾಳಿನ ನಲ್ಲಿಯ ಮುಂದೆ ಕಂಡ ಮುಖಗಳೇ, ಕೊಡ ಮಾತ್ರ ಇಲ್ಲ. ನನಗೆ ಧೈರ್ಯ ಬಂತು.

‘ತಪ್ಪು ತಿಳಿಯಬಾರದು. ರಾಜನ ಕಾದಂಬರಿಯಲ್ಲಿ ಕೋಟೆ ಕೈಬಿಟ್ಟು ಹೋಗುತ್ತದಲ್ಲ, ಅದರ ಬಗ್ಗೆ ತಮಗೆ ಏನೆನ್ನಿಸಿತು?’ ಎಂದು ಕೇಳಿದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ‘ಚೆನ್ನಾಗಿದೆ’ ಎಂದರು ಪ್ರೊಫೆಸರರು.

ಹೇಳಿದ ಮೇಲೆ ಅವರಿಗೇ ಹೊಳೆಯಿತು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು. ಆಮೇಲೆ ನಗತೊಡಗಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಅಲ್ಲಯ್ಯ, ಇಡೀ ಒಂದು ಕೋಟೆ ಹೋಯಿತು, ನಮಗೆ ಏನೂ ಅನ್ನಿಸಲಿಲ್ಲ. ಒಂದು ಖೋಲಿ ಹೋದದ್ದಕ್ಕೆ ಚಹಾ ಆರಿಹೋಯಿತು’ ಎಂದರು. ನನ್ನ ಕಾಗದಗಳನ್ನು ಒಟ್ಟುಗೂಡಿಸಿ, ಅಂಚು ಸರಿಮಾಡಿ ಕೈಗೆ ಕೊಟ್ಟರು. ‘ನಿಮ್ಮ ಓದುಗರು ಗೆದ್ದರು. ಬಹುಮಾನ ಖೋಲಿಗೆ. ಮುಂದಿನ ವರ್ಷವೂ ಅವರನ್ನೇ ಕೇಳತಕ್ಕದ್ದು ಎಂದು ಬರೆದುಕೊಳ್ಳಿ.’

ಆ ಸಂಜೆ ನಾನು ಸಾಂತಾಕ್ರೂಜಿನಲ್ಲಿ ಇಳಿದು ನಡೆದ ಗತ್ತನ್ನು ನೀವು ನೋಡಬೇಕಾಗಿತ್ತು. ಕಾಳಗ ಗೆದ್ದು ಬಂದ ದಳವಾಯಿಯೂ ಅಷ್ಟು ಎದೆ ಮುಂದೆ ಮಾಡಿ ನಡೆದಿರಲಾರ. ನಮ್ಮ ಊರಿನಲ್ಲಿ ಹರಿಕಥೆ ನಡೆಯುವಾಗ ಮಲತಾಯಿಯ ಪ್ರಸಂಗ ಬಂದರೆ ಮುದುಕಿಯರು ನಟಿಕೆ ಮುರಿದು ಶಾಪ ಹಾಕುತ್ತಿದ್ದರು. ದಾಸರು ತಾಳ ನಿಲ್ಲಿಸಿ, ಶಾಪ ಮುಗಿಯುವವರೆಗೆ ತೃಪ್ತಿಯಿಂದ ಕಾಯುತ್ತಿದ್ದರು. ಚಿಕ್ಕಂದಿನಲ್ಲಿ ಅವರು ಯಾಕೆ ಕಾಯುತ್ತಾರೆಂದು ನನಗೆ ತಿಳಿಯುತ್ತಿರಲಿಲ್ಲ. ಆ ಸಂಜೆ ತಿಳಿಯಿತು, ಅವರ ಪಾಲಿಗೆ ಅದೇ ಕಾಸು ಬಿದ್ದ ಆರತಿ ತಟ್ಟೆ. ‘ಚೆನ್ನಾಗಿದೆ’ ಎನ್ನುವುದು ಪುಸ್ತಕವನ್ನು ಮುಚ್ಚಿಡುವ ಮಾತು. ಬೈಯುವವರು ಅದನ್ನಿನ್ನೂ ಮುಚ್ಚಿಲ್ಲ.

ಬಹುಮಾನದ ಸಮಾರಂಭಕ್ಕೆ ಚಾಳಿಗೆ ಚಾಳೇ ಹೊರಟಿತು. ಶಾಮಣ್ಣನವರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದಿದ್ದರು. ಕಾದಂಬರಿ ಬರೆದವರು ಅಂಧೇರಿಯ ಕಡೆ ಶಾಲೆಯಲ್ಲಿ ಕಲಿಸುವ ಒಬ್ಬ ಟೀಚರು, ಸಣ್ಣಗಿನ ದನಿಯ ಹೆಂಗಸು. ಇದು ಅವರ ಮೊದಲ ಪುಸ್ತಕ. ಶಾಲು ಹೊದಿಸಿ ಬಟ್ಟಲು ಕೊಟ್ಟಾಯಿತು. ಪ್ರೊಫೆಸರರು ಸಭೆಯ ಕಡೆ ತಿರುಗಿ, ಓದುಗರು ಏನಾದರೂ ಕೇಳುವುದಿದ್ದರೆ ಕೇಳಬಹುದು ಎಂದರು. ಗಂಗಕ್ಕ ಎದ್ದು ನಿಂತಾಗ ನಾನು ಕುರ್ಚಿಯಲ್ಲಿ ಆದಷ್ಟು ಕೆಳಗೆ ಜಾರಿದೆ.

‘ಟೀಚರ್ ಬಾಯಾರ, ಸಿಟ್ಟಾಗಬ್ಯಾಡ್ರಿ. ಆಕಿ ಖೋಲಿ ಯಾಕ ಬಿಟ್ಲು?’

ಆ ಪ್ರಶ್ನೆ ಅಲ್ಲಿದ್ದ ಎಲ್ಲರದೂ ಆಗಿತ್ತು. ಲೇಖಕಿ ಬಟ್ಟಲನ್ನು ಮೇಜಿನ ಮೇಲಿಟ್ಟರು.

‘ನನಗೂ ಬಿಡಿಸೋಕೆ ಮನಸ್ಸಿರಲಿಲ್ಲ ಅಕ್ಕ. ಗಂಡನನ್ನ ಬಿಡಿಸೋದಕ್ಕೆ ಒಂದು ಪುಟ ಸಾಕಾಯ್ತು. ಖೋಲಿ ಬಿಡಿಸೋದಕ್ಕೆ ಒಂದು ಅಧ್ಯಾಯವೇ ಬೇಕಾಯ್ತು. ಅಲ್ಲಿ ಇದ್ದರೆ ಆ ಗೋಡೆ ಗೋಡೆಯೂ ಅವಳಿಗೆ ಅವನ ಮಾತು ನೆನಪಿಗೆ ತರ್ತಿತ್ತು. ಅದಕ್ಕೇ ಹೋದಳು. ಎಲ್ಲಿಗೆ ಹೋದಳು ಅಂತ ಮಾತ್ರ ನನಗೂ ಗೊತ್ತಿಲ್ಲ. ಈ ಊರಲ್ಲಿ ಅವಳಿಗೆ ಜಾಗ ಕೊಡೋರು ಯಾರಿದ್ದಾರೆ ಅಂತ ಎಷ್ಟು ಯೋಚಿಸಿದರೂ ಹೊಳೀಲಿಲ್ಲ. ಅಲ್ಲೇ ನಿಲ್ಲಿಸಿಬಿಟ್ಟೆ.’

ಗಂಗಕ್ಕ ಕೂರಲಿಲ್ಲ. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡರು.

‘ಅಷ್ಟ ಆದ್ರ, ನಮ್ಮನಿಗೆ ಬರ್ಲಿ. ನಾವು ಏಳು ಮಂದಿ ಇದ್ದೀವಿ. ಆಕಿ ನಮ್ಮತ್ತಿ ಬಾಜೂಕ, ಗ್ವಾಡಿ ಕಡೆ ಮಲಗ್ಲಿ.’

ಸಭೆಯಲ್ಲಿ ನಗು ಏಳಬೇಕಾಗಿತ್ತು, ಏಳಲಿಲ್ಲ. ಮುಂಬಯಿಯಲ್ಲಿ ಅಂಥ ಮಾತನ್ನು ತಮಾಷೆಗೂ ಯಾರೂ ಆಡುವುದಿಲ್ಲ. ಅಣ್ಣತಮ್ಮಂದಿರಿಗೆ ಹೇಳುವಾಗಲೂ ನಾಲಿಗೆ ತಡವರಿಸುತ್ತದೆ. ಇನ್ನು ಇಲ್ಲದ ಹೆಂಗಸೊಬ್ಬಳಿಗೆ, ಹುಟ್ಟದೇ ಇದ್ದವಳಿಗೆ! ಮೊದಲು ಚಪ್ಪಾಳೆ ತಟ್ಟಿದವರು ಪ್ರೊಫೆಸರರು. ಆಮೇಲೆ ಇಡೀ ಸಭೆ ತಟ್ಟಿತು. ಲೇಖಕಿ ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕಿ, ಸಿಗದೆ, ಸಂಘದ ಹೊಸ ಶಾಲಿನಿಂದಲೇ ಒರೆಸಿಕೊಂಡರು. ಅಂದು ಬಟ್ಟಲಿಗಿಂತ ದೊಡ್ಡ ಬಹುಮಾನ ಅವರಿಗೆ ಸಿಕ್ಕಿತೆಂದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಗಂಗಕ್ಕ ಮಾತ್ರ ಚಪ್ಪಾಳೆಯ ಕಡೆ ಗಮನ ಕೊಡಲಿಲ್ಲ. ಹಿಂದಿರುಗುವಾಗ ಲೋಕಲ್‌ನಲ್ಲಿ ಅವರೂ ನನ್ನ ಹೆಂಡತಿಯೂ ಎದುರು ಬದುರು ಕೂತು ಏನೋ ಲೆಕ್ಕಾಚಾರ ಮಾಡುತ್ತಿದ್ದರು. ನಾನು ಕಿವಿಗೊಟ್ಟೆ. ಗಾಡಿ ಸಾಂತಾಕ್ರೂಜ್ ಮುಟ್ಟುವಷ್ಟರಲ್ಲಿ ಗಂಗಕ್ಕ ತಮ್ಮ ಖೋಲಿಯ ಹಿಟ್ಟಿನ ಡಬ್ಬಿಗಳನ್ನು ಮಾತಿನಲ್ಲಿಯೇ ಒಂದರ ಮೇಲೊಂದು ಏರಿಸಿ, ವತ್ಸಲೆಯ ಟ್ರಂಕಿಗೆ ಜಾಗ ಮಾಡಿ ಮುಗಿಸಿದ್ದರು.