ಶಾರದಮ್ಮನ ಮಗ್ಗ

ಮೊಳಕಾಲ್ಮೂರಿನ ನೇಕಾರರ ಓಣಿಗೆ ಹಾಲಿನವನು ಬರುವ ಮುಂಚೆಯೇ ಲಾಳಿಯ ಸದ್ದು ಬರುತ್ತದೆ. ಚಿನ್ನಯ್ಯನ ಮನೆಯ ಪಡಸಾಲೆಯಲ್ಲಿ ಮೂರು ಗುಂಡಿ ಮಗ್ಗಗಳು. ಎರಡು ಹೊಟ್ಟೆಪಾಡಿಗೆ. ಕಿಟಕಿ ಪಕ್ಕದ ಮೂರನೆಯದರ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿರುವವನು ನಿನ್ನೆ ಸಂಜೆಯಷ್ಟೇ ರಾಂಪುರದಿಂದ ಬಂದಿಳಿದ ಬಾಲರಾಜ್. ಪಿಯುಸಿ ಮುಗಿಸಿದ ಹುಡುಗ, ಲಾಳಿ ಹಿಡಿದು ಕೂತವನು ಇನ್ನೂ ಒಂದೆಳೆಯನ್ನೂ ಹಾಯಿಸಿಲ್ಲ.

"ಎಳೆ ಕಡಿದ್ರೆ ಏನ್ ಮಾಡ್ಲಿ ಅಕ್ಕಾ?"

"ಕಡೀಲಿ ಬಿಡೋ. ಗಂಟು ಹಾಕಾದು ಕಲ್ತಂಗಾಗ್ತೈತೆ," ಎನ್ನುತ್ತಾರೆ ಶಾರದಮ್ಮ, ಕಾಫಿ ಲೋಟ ಕೆಳಗಿಡದೆ. ವಯಸ್ಸು ಐವತ್ತು ದಾಟಿದೆ, ದನಿ ಮಾತ್ರ ಓಣಿಯ ಆ ತುದಿಗೂ ಕೇಳುತ್ತದೆ.

ಕಲಿಯುವವರಿಗೆ ಹಳೇ ನೂಲು ಕೊಟ್ಟು ಮೂಲೆಯಲ್ಲಿ ಕೂರಿಸುವುದು ಎಲ್ಲ ಕಡೆ ಇದ್ದದ್ದೇ. ಇಲ್ಲಿ ಹಾಗಲ್ಲ. ಮೂರನೇ ಮಗ್ಗದ ಮೇಲಿರುವುದು ಅಪ್ಪಟ ರೇಷ್ಮೆ, ಅಂಗಡಿಗೆ ಹೋಗಿ ಮಾರಾಟವಾಗಬೇಕಾದ ಸೀರೆ. ಬಂದ ಹುಡುಗ ಹುಡುಗಿಯರು ಅಂಚಿನ ಚಿತ್ರ ತಾವೇ ಬರೆಯಬೇಕು, ಆ ಚಿತ್ರದಂತೆ ಮಗ್ಗದ ಎಳೆ ಎತ್ತಿಸುವ ರಟ್ಟಿಗೆ ತೂತು ತಾವೇ ಕೊರೆಯಬೇಕು, ತಾವೇ ನೇಯಬೇಕು. ನೇಯ್ದದ್ದನ್ನು ಬಿಚ್ಚುವಂತಿಲ್ಲ. ಎಂಟು ವರ್ಷಗಳಿಂದ ಇದೇ ಕಟ್ಟುಪಾಡು. ಓಣಿಯವರು ನಕ್ಕಿದ್ದಾರೆ, ತಲೆ ಕೆಟ್ಟಿದೆ ಅಂದಿದ್ದಾರೆ. ಪಕ್ಕದ ಮಗ್ಗದಿಂದ ಗಂಡ ಚಿನ್ನಯ್ಯನೂ ಒಗ್ಗರಣೆ ಹಾಕುತ್ತಾರೆ: "ಮಗ್ಗ ನಂದು, ಹುಚ್ಚು ಇವಳ್ದು."

ಆ ಹುಚ್ಚಿಗೆ ಬೇರು ಹಳೆಯದು. ಸೊಸೆಯಾಗಿ ಬಂದ ಶಾರದಮ್ಮ ವರ್ಷಗಟ್ಟಲೆ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿದ್ದೇ ಸುತ್ತಿದ್ದು, ಮಗ್ಗದ ಮೇಲೆ ಯಾರೂ ಕೂರಿಸಲಿಲ್ಲ. ಒಂದು ದಿನ ಮನೆಮಂದಿಯೆಲ್ಲ ಜಟಿಂಗ ರಾಮೇಶ್ವರದ ಬೆಟ್ಟಕ್ಕೆ ಹೋದಾಗ ಬಾಗಿಲು ಹಾಕಿಕೊಂಡು ಗುಂಡಿಗಿಳಿದರು, ಒಂದು ಗೇಣು ನೇಯ್ದರು. ಮರಳಿ ಬಂದ ಮಾವ ಆ ಗೇಣಿನ ಮೇಲೆ ಕೈಯಾಡಿಸಿ ನೋಡಿದರು. "ಬೈತಾರೆ ಅಂದ್ಕಂಡ್ರೆ, ಬಿಚ್ಚಬ್ಯಾಡ, ಮುಂದಕ್ಕೆ ನೇಯಿ ಅಂದ್ರು. ಆ ಒಂದ್ ಮಾತಿಗೆ ನಾನು ನೇಕಾರ್ತಿ ಆದೆ ನೋಡ್ರಿ." ಹೇಳುವಾಗ ಈಗಲೂ ಅವರ ಕಣ್ಣು ತುಂಬುತ್ತದೆ.

ಎರಡು ವರ್ಷದ ಹಿಂದೆ ಪುಷ್ಪಲತಾ ಬಂದಳು. ಗೌರಸಮುದ್ರದ ಕುರಿಗಾಹಿ ಮನೆಯ ಹುಡುಗಿ. ಚಳ್ಳಕೆರೆಯಲ್ಲಿ ವಿನ್ಯಾಸದ ತರಬೇತಿ ಮುಗಿಸಿದ್ದಳು, ಹೋದಲ್ಲೆಲ್ಲ ಒಂದೇ ಪ್ರಶ್ನೆ: ಅನುಭವ ಇದೆಯಾ? "ಕೆಲ್ಸ ಕೊಡ್ದೆ ಅನುಭವ ಏನು ಸಂತೇಲಿ ಸಿಗ್ತೈತಾ ಅಕ್ಕ?" ಎಂದು ಬಾಗಿಲಲ್ಲೇ ನಿಂತು ಅತ್ತಳಂತೆ. ಶಾರದಮ್ಮ ಒಳಗೆ ಕರೆದು ಮೂರನೇ ಮಗ್ಗ ತೋರಿಸಿದರು.

ಅವಳು ಬರೆದದ್ದು ನವಿಲಲ್ಲ, ಗಿಳಿಯಲ್ಲ, ಕುರಿ! ಅಂಚಿನುದ್ದಕ್ಕೂ ಜರಿಯ ಕುರಿಮಂದೆ. ನಾಲ್ಕು ಮುಂದಕ್ಕೆ ನಡೆದರೆ ಐದನೆಯದು ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತದೆ. ರಟ್ಟು ತಪ್ಪು ಕೊರೆದಿದ್ದಾಳೆ, ಬಿಚ್ಚಿಸು ಎಂದರು ಚಿನ್ನಯ್ಯ. ತಪ್ಪಲ್ಲ, ಅದು ಹಂಗೇ ಎಂದಷ್ಟೇ ಹೇಳಿದ ಹುಡುಗಿ ತಲೆ ತಗ್ಗಿಸಿದಳು. ನಿಜ ಹೇಳಬೇಕೆಂದರೆ ಶಾರದಮ್ಮನಿಗೂ ಅದು ತಪ್ಪೆಂದೇ ಕಂಡಿತ್ತು. ಆದರೂ ಬಿಚ್ಚಿಸಲಿಲ್ಲ.

ರೇಷ್ಮೆ, ಜರಿ ಕೊಟ್ಟು ನೇಯ್ದ ಸೀರೆ ಒಯ್ಯುವವರು ಚಳ್ಳಕೆರೆಯ ವ್ಯಾಪಾರಿ ಜಂಬುಲಿಂಗಪ್ಪ. ಸೀರೆ ಬಿಡಿಸಿ ನೋಡಿದವರೇ ಕೆಂಡವಾದರು. "ಮದುವೆ ಸೀರೆ ಮ್ಯಾಲೆ ಕುರೀನಾ? ಅದ್ರಾಗೂ ಒಂದು ಉಲ್ಟಾ! ಇದು ಮಾರಾಟ ಆಗ್ಲಿಲ್ಲಾಂದ್ರೆ ನಿಮ್ ಮೂರನೇ ಮಗ್ಗಕ್ಕೆ ನನ್ ರೇಷ್ಮೆ ಬಂದ್ ಕಣಮ್ಮ." ಸೀರೆ ಅಂಗಡಿಯ ಕೆಳಗಿನ ಖಾನೆ ಸೇರಿತು. ದಿನ ಕಳೆದಂತೆ ಶಾರದಮ್ಮನಿಗೆ ಅನ್ನ ಸೇರದಾಯಿತು. ಮುಂದೆ ಕಲಿಯಲು ಬರುವ ಮಕ್ಕಳಿಗೆ ಏನು ಹೇಳುವುದು ಎಂಬುದೇ ಚಿಂತೆ.

ಒಂದು ಭಾನುವಾರ ರೇಷ್ಮೆ ತರಲೆಂದು ಶಾರದಮ್ಮ ಚಳ್ಳಕೆರೆಯ ಆ ಅಂಗಡಿಯಲ್ಲಿ ಕೂತಿದ್ದಾಗ ಹೆಗಲ ಮೇಲೆ ಕಂಬಳಿ ಹೊದ್ದ ಹೆಂಗಸೊಬ್ಬಳು ಮೆಟ್ಟಿಲೇರಿ ಬಂದಳು. ಪುಷ್ಪಲತಾಳ ತಾಯಿ ಬೋರಕ್ಕ. ಸಂತೆಗೆ ಮರಿ ಮಾರಲು ಬಂದವಳು. "ನನ್ ಮಗಳು ನೇಯ್ದಿದ್ ಸೀರೆ ಐತಂತಲ್ಲಪ್ಪ, ಒಂದೀಟು ತೋರ್ಸು." ಬೇಡವೆನ್ನಲಾಗದೆ ಜಂಬುಲಿಂಗಪ್ಪ ಹಾಸಿದರು. ಬೋರಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ತಿರುಗಿ ನಿಂತ ಕುರಿಯ ಮೇಲೆ ಬೆರಳಿಟ್ಟಳು.

"ಅಯ್ಯೋ ನಮ್ಮವ್ವ! ಇದರ ಮರಿ ಹಿಂದೆ ಉಳ್ಕಂಡೈತೆ. ಮಂದೆ ಎಷ್ಟು ದೂರ ಹೋಗ್ಲಿ, ತಾಯಿ ತಿರುಗಿ ನೋಡ್ದಂಗೆ ಇರಾದಿಲ್ಲ."

ಮಗಳ ಮದುವೆಗೆಂದು ಗಿಳಿಯಂಚಿನ ಸೀರೆ ಹಿಡಿದು ಚೌಕಾಸಿ ಮಾಡುತ್ತಿದ್ದ ತಾಯಿಯೊಬ್ಬಳು ಅದನ್ನು ಮೆಲ್ಲಗೆ ಕೆಳಗಿಟ್ಟಳು. "ಅದನ್ನ ಇತ್ತಾಗೆ ಕೊಡ್ರಿ. ನನ್ ಮಗಳು ಅದನ್ನೇ ಉಟ್ಕಂಡು ಹೋಗ್ಲಿ," ಎಂದಳು. ಜಂಬುಲಿಂಗಪ್ಪ ಶಾರದಮ್ಮನ ಕಡೆ ತಿರುಗಿ ಮೂರನೇ ಮಗ್ಗಕ್ಕೆ ಎಷ್ಟು ರೇಷ್ಮೆ ಬೇಕು ಎಂದು ಕೇಳಿದರು.

ಆಮೇಲೆ ಆ ಮಗ್ಗ ಖಾಲಿ ಬಿದ್ದಿಲ್ಲ. ಇಲ್ಲಿಂದ ಹೋದವರಲ್ಲಿ ಒಬ್ಬ ಬಳ್ಳಾರಿಯಲ್ಲಿ ಬಟ್ಟೆಗೆ ಒತ್ತುವ ಅಚ್ಚು ಕೊರೆಯುತ್ತಾನೆ, ಇಬ್ಬರು ಸ್ವಂತ ಮಗ್ಗ ಹೂಡಿದ್ದಾರೆ. ಪುಷ್ಪಲತಾ ಧರ್ಮಾವರದ ಸೀರೆ ತಯಾರಕರೊಬ್ಬರಲ್ಲಿ ಅಂಚಿನ ಚಿತ್ರ ಬರೆಯುತ್ತಾಳೆ. ಮೊನ್ನೆ ಯುಗಾದಿಗೆ ಬಂದವಳು ಅಲ್ಲಿ ಕೆಲಸ ಕೇಳಲು ಹೋದ ದಿನದ ಕಥೆ ಹೇಳಿದಳಂತೆ. ಅನುಭವ ಎಲ್ಲಿ ಅಂತ ಅಲ್ಲೂ ಕೇಳಿದರು, ಈ ಸಲ ಅವಳ ಬಾಯಲ್ಲಿ ಉತ್ತರವಿತ್ತು.

ಇನ್ನೇನು ಆಸೆ ಇದೆಯಮ್ಮ ಎಂದು ಕೇಳಿದರೆ ಶಾರದಮ್ಮ ಬಾಲರಾಜನ ಲಾಳಿಯ ಕಡೆಯೇ ನೋಡುತ್ತಾರೆ. ಎಳೆಯೊಂದು ಕಡಿದಿದೆ, ಅವನೇ ಗಂಟು ಹಾಕುತ್ತಿದ್ದಾನೆ.

"ಮೊದ್ಲು ಮಾವನ ಮಗ್ಗ ಅಂತಿದ್ರು, ಆಮೇಲೆ ಚಿನ್ನಯ್ಯನ ಮಗ್ಗ ಅಂದ್ರು. ಈ ಓಣೀಲಿ ಈಗ್ಲೂ ಹಂಗೇ ಅಂತಾರೆ. ಆ ಹುಡುಗಿ ಧರ್ಮಾವರದಾಗೆ ಏನಂದ್ಲು ಗೊತ್ತೇನ್ರಿ? ಶಾರದಮ್ಮನ ಮಗ್ಗದಾಗೆ ಕೆಲ್ಸ ಮಾಡೀನಿ ಅಂದ್ಲಂತೆ."